ಬೆಟ್ಟ ಇಳಿದ ತೊಡೆಗೆ ಎಂಥ ಮಸಾಜ್?

ಪ್ರಶ್ನೆ: ಶಿವಮೊಗ್ಗದಲ್ಲಿ ದಿನಾ ಓಟದ ಅಭ್ಯಾಸ ಮಾಡುತ್ತೇನೆ. ಭಾನುವಾರ ಗೆಳೆಯರ ಜೊತೆ ಕೊಡಚಾದ್ರಿ ಹತ್ತಿದ್ದೆ. ಇಳಿಯುವಾಗ ಓಡಿಕೊಂಡೇ ಬಂದೆವು. ಅವತ್ತು ಏನೂ ಅನ್ನಿಸಲಿಲ್ಲ. ಮಾರನೇ ದಿನದಿಂದ ಎರಡೂ ತೊಡೆ ಹಿಡಿದುಕೊಂಡು ಮೆಟ್ಟಿಲು ಇಳಿಯಲಾಗುತ್ತಿಲ್ಲ. ಗರಡಿಯಲ್ಲಿ ಪಳಗಿದ ನಮ್ಮ ಮಾವ 'ಎಣ್ಣೆ ಹಚ್ಚಿ ಗಟ್ಟಿಯಾಗಿ ತಿಕ್ಕಿಸಿಕೋ, ಕಣ್ಣಲ್ಲಿ ನೀರು ಬರಬೇಕು' ಎನ್ನುತ್ತಾರೆ. ಮಾಡಿಸಲೇ? ಮುಂದಿನ ವಾರ ಸ್ಪರ್ಧೆ ಇದೆ.

ಫಿಸಿಯೋಥೆರಪಿಸ್ಟ್ ಉತ್ತರ: ಮಸಾಜ್ ಮಾಡಿಸಿ. ಕಣ್ಣೀರು ಬೇಡ.

ಬೆಟ್ಟ ಹತ್ತುವಾಗ ಉಸಿರಿಗೆ ಕಷ್ಟ, ಇಳಿಯುವಾಗ ತೊಡೆಗೆ. ಇಳಿಜಾರಿನ ಪ್ರತಿ ಹೆಜ್ಜೆಗೂ ತೊಡೆಯ ಮುಂಭಾಗದ ಸ್ನಾಯು ಬ್ರೇಕ್ ಹಾಕುತ್ತದೆ. ಬಿಗಿಹಿಡಿದಿರುವಾಗಲೇ ಹಿಗ್ಗಬೇಕಾಗುತ್ತದೆ. ಇದರಿಂದ ಸ್ನಾಯುವಿನ ಎಳೆಗಳಿಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪೆಟ್ಟು ಬೀಳುತ್ತದೆ. ನೋವು ತಡವಾಗಿ ಶುರುವಾಗಿ 24ರಿಂದ 72 ಗಂಟೆಯೊಳಗೆ ಜೋರಾಗುತ್ತದೆ, ಆಮೇಲೆ ತಾನಾಗಿಯೇ ಇಳಿಯುತ್ತದೆ. 'ಲ್ಯಾಕ್ಟಿಕ್ ಆಸಿಡ್ ಕಟ್ಟಿಕೊಂಡಿದೆ, ಉಜ್ಜಿ ತೆಗೀಬೇಕು' ಅಂತ ಜಿಮ್‌ನಲ್ಲಿ ಹೇಳ್ತಾರಲ್ವಾ? ಜೋರಾಗಿ ಓಡುವಾಗ ಸ್ನಾಯುವಿನಲ್ಲಿ ಹುಟ್ಟುವ ಆ ವಸ್ತು ಓಟ ನಿಲ್ಲಿಸಿದ ಸುಮಾರು ಒಂದು ಗಂಟೆಯಲ್ಲೇ ಮಾಮೂಲು ಮಟ್ಟಕ್ಕೆ ಬಂದಿರುತ್ತದೆ. ಮೂರನೇ ದಿನ ಉಜ್ಜಿ ತೆಗೆಯಲು ಅಲ್ಲಿ ಏನೂ ಉಳಿದಿರುವುದಿಲ್ಲ.

ಮಸಾಜ್‌ನಿಂದ ನೋವು ಸ್ವಲ್ಪ ತಗ್ಗುತ್ತದೆ, ಬಿಗಿತ ಸಡಿಲವಾಗುತ್ತದೆ, ನಿದ್ದೆ ಬರುತ್ತದೆ. ಸ್ನಾಯು ಕೂಡಿಕೊಳ್ಳುವುದು ಮಾತ್ರ ತನ್ನದೇ ಸಮಯ ತೆಗೆದುಕೊಂಡು. ಈಗಾಗಲೇ ಪೆಟ್ಟಾದ ಜಾಗಕ್ಕೆ ಮೊಣಕೈ ಊರಿ ಒತ್ತಿದರೆ ಇನ್ನಷ್ಟು ನೋವಷ್ಟೇ. ನಿಮ್ಮ ಮಾವನನ್ನು ಪೂರ್ತಿ ತಳ್ಳಿಹಾಕುತ್ತಿಲ್ಲ. ಗರಡಿಯ ಮಾಲೀಶು ದಿನಾ ಕುಸ್ತಿ ಮಾಡುವ ಮೈಗೆ, ಪಳಗಿದ ಕೈಯಿಂದ ಆಗುವಂಥದ್ದು. ನಿಮ್ಮದು ಬೇರೆ ಕಥೆ.

ಕೊಬ್ಬರಿ ಎಣ್ಣೆಯೋ ಎಳ್ಳೆಣ್ಣೆಯೋ ಅಂತ ತಲೆ ಕೆಡಿಸಿಕೊಳ್ಳಬೇಡಿ, ಕೈ ಜಾರಿದರೆ ಸಾಕು. ಮೊದಲು ಮಂಡಿಯಿಂದ ಮೇಲಕ್ಕೆ ಅಂಗೈಯಲ್ಲಿ ನಿಧಾನವಾಗಿ ನೀವಬೇಕು. ಸ್ನಾಯು ಬೆಚ್ಚಗಾದ ಮೇಲೆ ರೊಟ್ಟಿ ಹಿಟ್ಟು ನಾದಿದ ಹಾಗೆ ಹಿಡಿದು, ಎತ್ತಿ, ಬಿಡಬೇಕು. ಕೊನೆಗೆ ಮತ್ತೆ ನೀವುವುದು. ಒಂದು ತೊಡೆಗೆ ಹತ್ತು ನಿಮಿಷ ಸಾಕು. ನೋವಿಗೆ ಹತ್ತಕ್ಕೆ ಮೂರೋ ನಾಲ್ಕೋ ಅಂಕ ಕೊಡುವಷ್ಟೇ ಒತ್ತಡ ಇರಲಿ. ಉಸಿರು ಬಿಗಿಹಿಡಿಯುವಂತಾದರೆ ಜಾಸ್ತಿಯಾಯಿತು ಅಂತಲೇ ಲೆಕ್ಕ. ಆಮೇಲೆ ಹಂಡೆಯ ಬಿಸಿನೀರಿನ ಸ್ನಾನ ಮಾಡಿ. ಮಲೆನಾಡಿನವರಿಗೆ ಅದರ ಸುಖ ನಾನು ಹೇಳಿಕೊಡಬೇಕೇ!

ಮಸಾಜ್ ಗನ್ (ಸ್ನಾಯುವನ್ನು ಪಟಪಟ ಬಡಿಯುವ ಕೈಯಂತ್ರ) ಇದ್ದರೆ ಕಡಿಮೆ ವೇಗದಲ್ಲಿ ಒಂದೆರಡು ನಿಮಿಷ ಸಾಕು. ಮಂಡಿಚಿಪ್ಪಿನ ಮೇಲೆ ಬೇಡ. ಸುಮ್ನೆ ಮಲಗಿರುವುದಕ್ಕಿಂತ ಸಮತಟ್ಟು ರಸ್ತೆಯಲ್ಲಿ ನಡೆಯಿರಿ, ಸೈಕಲ್ ತುಳಿಯಿರಿ. ಸ್ಪರ್ಧೆಗೆ ಎರಡು ದಿನ ಇರುವಾಗ ಆಳವಾದ ಮಸಾಜ್ ನಿಲ್ಲಿಸಿ.

ಒಂದು ಎಚ್ಚರಿಕೆ. ಓಡುವಾಗ ಒಂದೇ ಜಾಗದಲ್ಲಿ ಫಟ್ ಎಂದು ಹಿಡಿದು ಕಪ್ಪುಗಟ್ಟಿದರೆ ಅದು ಸ್ನಾಯು ಹರಿದಿರುವ ಲಕ್ಷಣ. ಮೊದಲ ಎರಡು ಮೂರು ದಿನ ಅಲ್ಲಿ ಉಜ್ಜಲೇಬಾರದು. ಒಂದೇ ಮೀನಖಂಡ ಊದಿ ಬಿಸಿಯಾಗಿದ್ದರೆ ರಕ್ತ ಹೆಪ್ಪುಗಟ್ಟಿರಬಹುದು. ಮಸಾಜ್ ಬೇಡ, ಅವತ್ತೇ ಡಾಕ್ಟರ್ ಹತ್ತಿರ ಹೋಗಿ. ಮೂತ್ರ ಕಡು ಕಂದು ಬಣ್ಣಕ್ಕೆ ತಿರುಗಿದರೂ ಕಾಯಬೇಡಿ.

ಪ್ರಶ್ನೆ: ನಮ್ಮದು ಸಾಗರದ ಕಡೆ. ಅಡಿಕೆ ಸುಲಿತದ ಕಾಲದಲ್ಲಿ ಮೆಟ್ಟುಗತ್ತಿ ಮುಂದೆ ಕೂತು ಕೂತು ಕತ್ತು, ಭುಜ ಕಲ್ಲಾಗುತ್ತವೆ. ಮನೆಯಲ್ಲೇ ಏನು ಮಾಡಬಹುದು?

ಉತ್ತರ: ಟೆನಿಸ್ ಬಾಲನ್ನು ಕಾಲುಚೀಲದೊಳಗೆ ಹಾಕಿ, ಗೋಡೆಗೂ ಬೆನ್ನಿಗೂ ನಡುವೆ ಇಟ್ಟು ಒರಗಿ. ಬೆನ್ನುಮೂಳೆಗೂ ಭುಜದ ಹಲಗೆಗೂ ನಡುವಿನ ಬಿಗಿದ ಜಾಗ ಸಿಕ್ಕಿದಾಗ ಅರ್ಧ ನಿಮಿಷ ನಿಧಾನವಾಗಿ ಉಸಿರಾಡಿ, ಜಾಗ ಬದಲಿಸಿ. ಮೂಳೆಯ ಮೇಲೆ ಒತ್ತಬೇಡಿ. ಸುಲಿಯುವಾಗ ಅರ್ಧ ಗಂಟೆಗೊಮ್ಮೆ ಎದ್ದು ತೋಳು ತಿರುಗಿಸುವುದನ್ನೂ ರೂಢಿ ಮಾಡಿಕೊಳ್ಳಿ, ಬಾಲ್‌ಗಿಂತ ಅದರಿಂದಲೇ ಹೆಚ್ಚು ಉಪಯೋಗ ಅಂತ ನನಗನ್ನಿಸುತ್ತದೆ. ಕೈಗೆ ಜೋಮು ಇಳಿಯುತ್ತಿದ್ದರೆ ತೋರಿಸಿಕೊಳ್ಳಿ. ಕ್ಷೌರದಂಗಡಿಯಲ್ಲಿ ಕತ್ತನ್ನು ಲಟಕ್ಕನೆ ತಿರುಗಿಸಿ ಲಟಿಕೆ ತೆಗೆಸಿಕೊಳ್ಳುವುದು ಮಾತ್ರ ಖಂಡಿತ ಬೇಡ. ಕತ್ತಿನೊಳಗೆ ಮೆದುಳಿಗೆ ರಕ್ತ ಒಯ್ಯುವ ನಾಳಗಳಿವೆ. ಆ ತಿರುವಿಗೆ ಅವು ಸೀಳಿ ಪಾರ್ಶ್ವವಾಯು ಆದ ಉದಾಹರಣೆಗಳಿವೆ.