ಆ್ಯಂಟೆನಾ ಡಬ್ಬದ ಹೊರಗಿರಲಿ

ಪ್ರಶ್ನೆ: ನಮ್ಮದು ಹಳೆಯ ಕಾಲದ ಜಂಬಿಟ್ಟಿಗೆ ಗೋಡೆಯ ಮನೆ. ರೂಟರ್ ಕೆಳಗೆ ಜಗುಲಿಯಲ್ಲಿದೆ, ಕಂಪ್ಯೂಟರ್ ಮಹಡಿಯ ಕೋಣೆಯಲ್ಲಿದೆ. ಸಿಪಿಯು ಹಿಂದೆ ಉಗುರಿನಷ್ಟು ಗಾತ್ರದ ಒಂದು ಯುಎಸ್‌ಬಿ ವೈಫೈ ಚುಚ್ಚಿದ್ದೇವೆ. ಮಗಳ ಆನ್‌ಲೈನ್ ಕ್ಲಾಸ್ ನಡುವೆ ಹತ್ತು ನಿಮಿಷಕ್ಕೊಮ್ಮೆ ಕಡಿದು ಹೋಗುತ್ತದೆ. ಒಳಗೇ ಕೂರಿಸುವ ವೈಫೈ ಕಾರ್ಡ್ ಹಾಕಿಸಿ ಅಂತ ಅಂಗಡಿಯವರು ಹೇಳಿದರು. ತಗಡಿನ ಡಬ್ಬದೊಳಗೆ ಹಾಕಿದರೆ ಸಿಗ್ನಲ್ ಇನ್ನೂ ಕಡಿಮೆ ಆಗುವುದಿಲ್ಲವೇ? ಪೇಟೆಗೆ ಹೊತ್ತುಕೊಂಡು ಹೋಗದೆ ನಾನೇ ಹಾಕಬಹುದೇ?
– ಗೃಹಿಣಿಯೊಬ್ಬರು, ಸಾಗರ ತಾಲ್ಲೂಕು

ಉತ್ತರ: ಖಂಡಿತ ನೀವೇ ಹಾಕಬಹುದು. ಬೇಕಾದ್ದು ಒಂದು ಸ್ಟಾರ್ ಸ್ಕ್ರೂಡ್ರೈವರ್, ಒಳ್ಳೆ ಬೆಳಕು, ಅರ್ಧ ಗಂಟೆ ಬಿಡುವು. ತಗಡಿನ ಬಗ್ಗೆ ನಿಮ್ಮ ಅನುಮಾನವೂ ಸರಿ. ತಗಡು ವೈಫೈ ಅಲೆಯನ್ನು ತಡೆಯುತ್ತದೆ. ಆದರೆ ಡಬ್ಬದೊಳಗೆ ಹೋಗುವುದು ಕಾರ್ಡ್ ಮಾತ್ರ. ಆ್ಯಂಟೆನಾ ಸಿಕ್ಕಿಸುವ ಹಿತ್ತಾಳೆ ಬಣ್ಣದ ತಿರುಪುಗಳು ಹಿಂದಿನ ಪಟ್ಟಿಯಲ್ಲಿ ಹೊರಗೇ ಇಣುಕುತ್ತಿರುತ್ತವೆ.

ದುಡ್ಡು ಹಾಕುವ ಮುಂಚೆ ಒಂದು ಪರೀಕ್ಷೆ ಮಾಡಿ. ನಿಮ್ಮ ಮೊಬೈಲಿನಲ್ಲಿ ಡೇಟಾ ಆಫ್ ಮಾಡಿ, ಬರೀ ವೈಫೈ ಇಟ್ಟುಕೊಂಡು ಒಂದು ವಿಡಿಯೋ ಹಾಕಿ. ಸಿಪಿಯು ಮತ್ತು ಗೋಡೆಯ ನಡುವಿನ ಸಂದಿಯಲ್ಲಿ ಮೊಬೈಲ್ ಹಿಡಿದು ನೋಡಿ. ಆಮೇಲೆ ಮೇಜಿನ ಮೇಲಿಟ್ಟು ನೋಡಿ. ಮೇಜಿನ ಮೇಲೆ ಚೆನ್ನಾಗಿ ಓಡಿ ಸಂದಿಯಲ್ಲಿ ನಿಂತು ನಿಂತು ಬಂದರೆ, ತೊಂದರೆ ಇರುವುದು ಆ್ಯಂಟೆನಾ ಕೂತ ಜಾಗದಲ್ಲಿ. ಎರಡೂ ಕಡೆ ಓಡದಿದ್ದರೆ ಎಂಥ ಕಾರ್ಡ್ ತಂದರೂ ದೊಡ್ಡ ಪ್ರಯೋಜನ ಆಗದು. ಆಗ ರೂಟರನ್ನೇ ಜಗುಲಿಯಿಂದ ಮೆಟ್ಟಿಲ ಹತ್ತಿರಕ್ಕೆ ತರಬೇಕು.

ಇನ್ನೂ ಒಂದು ವಿಷಯ. ಆ ಪುಟ್ಟ ಯುಎಸ್‌ಬಿ ವೈಫೈ ನೀಲಿ ಬಣ್ಣದ ಯುಎಸ್‌ಬಿ 3 ಕಿಂಡಿಯಲ್ಲಿದೆಯೇ? ಪಕ್ಕದಲ್ಲೇ ಹಾರ್ಡ್‌ಡಿಸ್ಕ್ ಏನಾದರೂ ಚುಚ್ಚಿದ್ದೀರಾ? ಯುಎಸ್‌ಬಿ 3 ಕೆಲಸ ಮಾಡುವಾಗ, ವೈಫೈ ಬಳಸುವ 2.4 ಗಿಗಾಹರ್ಟ್ಸ್ ಅಲೆಯ ಸುತ್ತಮುತ್ತ ಗದ್ದಲ ಎಬ್ಬಿಸುತ್ತದೆ. ಇದನ್ನು ಇಂಟೆಲ್ ಕಂಪನಿಯೇ 2012ರಲ್ಲಿ ಅಳೆದು ಬರೆದಿದೆ. ದಪ್ಪ ಗೋಡೆಯ ಮನೆಯಲ್ಲಿ ಮಹಡಿವರೆಗೆ ಬಂದು ಮುಟ್ಟುವುದೂ ಹೆಚ್ಚಾಗಿ ಅದೇ 2.4 ಅಲೆ, ಅಲ್ವಾ? 5 ಗಿಗಾಹರ್ಟ್ಸ್‌ನದ್ದು ವೇಗ ಜಾಸ್ತಿ, ಆದರೆ ಗೋಡೆ ದಾಟುವಾಗ ಬೇಗ ಸೋಲುತ್ತದೆ. ಒಂದು ಮೀಟರಿನ ಯುಎಸ್‌ಬಿ ಎಕ್ಸ್‌ಟೆನ್ಶನ್ ವೈರ್ ತಂದು ಅದನ್ನು ಮೇಜಿನ ಮೇಲಕ್ಕೆ ಎತ್ತಿಡಿ. ಕೆಲವರ ಸಮಸ್ಯೆ ಅಲ್ಲಿಗೇ ಮುಗಿದದ್ದನ್ನು ಕಣ್ಣಾರೆ ನೋಡಿದ್ದೇನೆ.

ಅದಕ್ಕೂ ಬಗ್ಗದಿದ್ದರೆ ಕಾರ್ಡ್ ತನ್ನಿ. ಕೊಳ್ಳುವಾಗ ಗಮನಿಸಬೇಕಾದ್ದು ಆ್ಯಂಟೆನಾ ಎಂಥದ್ದು ಅಂತ. ಕಾರ್ಡಿಗೆ ನೇರ ತಿರುಗಿಸುವ ಕಡ್ಡಿ ಆ್ಯಂಟೆನಾ ನಿಮ್ಮ ಮನೆಗೆ ಬೇಡ. ಅದು ಮತ್ತೆ ಅದೇ ಸಂದಿಯಲ್ಲೇ ನಿಲ್ಲುತ್ತದೆ. ಉದ್ದ ವೈರು, ಬುಡದಲ್ಲಿ ಅಯಸ್ಕಾಂತ ಇರುವ ಆ್ಯಂಟೆನಾ ಸಿಗುತ್ತದೆ, ಅದನ್ನೇ ಕೇಳಿ. ನಿಮ್ಮ ಸಿಪಿಯು ತೆಳ್ಳಗಿನ ಜಾತಿಯದ್ದಾದರೆ, ಕಾರ್ಡಿನ ಪೆಟ್ಟಿಗೆಯಲ್ಲಿ ಅದಕ್ಕೆ ಹಾಕುವ ಗಿಡ್ಡ ತಗಡಿನ ಪಟ್ಟಿ ಇದೆಯೇ ಅಂತಲೂ ನೋಡಿ. ಹಾಗೇ, ಕಂಪ್ಯೂಟರ್ ಇನ್ನೂ ವಾರಂಟಿಯಲ್ಲಿದ್ದು ಮೇಲೆ ಸೀಲ್ ಚೀಟಿ ಅಂಟಿಸಿದ್ದರೆ, ಕೊಟ್ಟವರನ್ನು ಒಂದು ಮಾತು ಕೇಳಿಯೇ ಬಿಚ್ಚಿ.

ಈಗ ಬಿಚ್ಚುವ ಕೆಲಸ. ಕಂಪ್ಯೂಟರ್ ಆಫ್ ಮಾಡಿ, ಯುಪಿಎಸ್‌ನಿಂದ ಪ್ಲಗ್ ಎಳೆದು ಬಿಡಿ. ಕರೆಂಟ್ ಹೋದರೂ ಯುಪಿಎಸ್ ಜೀವಂತ ಇರುತ್ತದೆ, ಅದಕ್ಕೇ ಹೇಳಿದೆ. ಆಮೇಲೆ ಪವರ್ ಬಟನ್ ಒಂದೈದು ಸೆಕೆಂಡ್ ಒತ್ತಿ ಹಿಡಿದರೆ ಒಳಗೆ ಉಳಿದ ಕರೆಂಟೂ ಇಳಿಯುತ್ತದೆ. ಡಬ್ಬವನ್ನು ಮೇಜಿನ ಮೇಲೆ ಅಡ್ಡ ಮಲಗಿಸಿ. ಎದುರಿನಿಂದ ನೋಡಿದರೆ ಸಾಮಾನ್ಯವಾಗಿ ಎಡಬದಿಯ ತಗಡು ಬಿಚ್ಚುವುದು. ಹಿಂದಿನ ಎರಡು ಸ್ಕ್ರೂ ತೆಗೆದು ಹಿಂದಕ್ಕೆ ಜಾರಿಸಿದರೆ ಬರುತ್ತದೆ. ಮಲೆನಾಡಿನ ಸಿಪಿಯು ಒಳಗೆ ಇರುವೆ ಗೂಡು ಕಂಡರೆ ಗಾಬರಿ ಬೇಡ, ಒಣ ಬ್ರಷ್‌ನಿಂದ ಗುಡಿಸಿ. ಒದ್ದೆ ಬಟ್ಟೆ ಮಾತ್ರ ಮುಟ್ಟಿಸಬೇಡಿ. ಕಾರ್ಡ್ ಕೈಗೆ ತೆಗೆದುಕೊಳ್ಳುವ ಮೊದಲು ಡಬ್ಬದ ಬಣ್ಣವಿಲ್ಲದ ತಗಡನ್ನೊಮ್ಮೆ ಮುಟ್ಟಿ. ಮೈಮೇಲಿನ ಸ್ಥಿರ ವಿದ್ಯುತ್ ಅಲ್ಲಿಗೆ ಇಳಿಯುತ್ತದೆ. ಮಳೆಗಾಲದಲ್ಲಿ ಇದರ ಭಯ ಕಡಿಮೆ, ಚಳಿಗಾಲದ ಒಣ ಹವೆಯಲ್ಲಿ ಜಾಸ್ತಿ.

ಒಳಗಿರುವ ದೊಡ್ಡ ಸರ್ಕ್ಯೂಟ್ ಹಲಗೆಯೇ ಮದರ್‌ಬೋರ್ಡ್. ಅದರ ಮೇಲೆ ಸುಮಾರು ಒಂದು ಇಂಚು ಉದ್ದದ ಪುಟ್ಟ ಸ್ಲಾಟ್ ಹುಡುಕಿ. ಅದೇ ಪಿಸಿಐ ಎಕ್ಸ್‌ಪ್ರೆಸ್‌ನ ಚಿಕ್ಕ ಸ್ಲಾಟ್. ಅದು ಇಲ್ಲದಿದ್ದರೆ, ಖಾಲಿ ಇರುವ ಉದ್ದನೆಯ ಗ್ರಾಫಿಕ್ಸ್ ಸ್ಲಾಟಿನಲ್ಲೂ ಈ ಕಾರ್ಡ್ ಕೂರುತ್ತದೆ. ಆ ಸ್ಲಾಟಿನ ನೇರಕ್ಕೆ ಡಬ್ಬದ ಹಿಂಬದಿಯಲ್ಲಿರುವ ತಗಡಿನ ಪಟ್ಟಿ ತೆಗೆಯಬೇಕು. ಕೆಲವದಕ್ಕೆ ಸ್ಕ್ರೂ ಇರುತ್ತದೆ. ಅಗ್ಗದ ಡಬ್ಬಗಳಲ್ಲಿ ಹಿಂದೆ ಮುಂದೆ ಬಗ್ಗಿಸಿ ಮುರಿಯಬೇಕು. ಅಂಚು ಬ್ಲೇಡಿನ ಹಾಗೆ ಕೊಯ್ಯುತ್ತದೆ, ಬಟ್ಟೆ ಹಿಡಿದು ಬಗ್ಗಿಸಿ.

ಕಾರ್ಡಿನ ಅಂಚು ಮಾತ್ರ ಹಿಡಿಯಿರಿ, ಚಿನ್ನದ ಬಣ್ಣದ ಹಲ್ಲುಗಳನ್ನು ಮುಟ್ಟಬೇಡಿ. ಆ ಹಲ್ಲಿನ ಸಾಲಿನಲ್ಲಿ ಒಂದು ಸಣ್ಣ ಕಚ್ಚು ಇದೆ, ಸ್ಲಾಟಿನೊಳಗೆ ಅದಕ್ಕೆ ಸರಿಯಾಗಿ ಒಂದು ಗೋಡೆ ಇದೆ. ಎರಡನ್ನೂ ಹೊಂದಿಸಿ. ಎರಡು ಹೆಬ್ಬೆರಳಿನಿಂದ ನೇರ ಕೆಳಕ್ಕೆ, ಸಮನಾಗಿ ಒತ್ತಿ. ಮೊದಲು ಬಿಗಿ ಅನಿಸುತ್ತದೆ, ಆಮೇಲೆ ಒಮ್ಮೆಲೇ ಇಳಿದು ಕೂರುತ್ತದೆ. ಹಲ್ಲುಗಳು ಪೂರ್ತಿ ಮರೆಯಾದರೆ ಕೂತಿತು ಅಂತ ಅರ್ಥ. ಹಿಂದಿನ ಸ್ಕ್ರೂ ಹಾಕುವುದನ್ನು ಮರೆಯಬೇಡಿ. ಆ್ಯಂಟೆನಾ ವೈರು ಯಾರಾದರೂ ಎಳೆದಾಗ ಕಾರ್ಡನ್ನು ಹಿಡಿದಿಡುವುದು ಅದೇ.

ನಾನು ಶಿವಮೊಗ್ಗದಲ್ಲಿ ರಿಪೇರಿ ಅಂಗಡಿ ಇಟ್ಟಿದ್ದಾಗ ಹಾಸ್ಟೆಲಿನ ಹುಡುಗನೊಬ್ಬ ಸಿಪಿಯು ತಂದಿದ್ದ. ಹೊಸ ಕಾರ್ಡ್, ಆದರೆ ರೂಟರ್ ಪಕ್ಕದಲ್ಲಿದ್ದರೂ ಸಿಗ್ನಲ್ ಒಂದೇ ಗೆರೆ. ಮೂರು ಕಡೆ ತೋರಿಸಿದ್ದನಂತೆ, ಎಲ್ಲರೂ ಡ್ರೈವರ್, ಅಂದರೆ ಕಾರ್ಡನ್ನು ನಡೆಸುವ ತಂತ್ರಾಂಶ, ಅಳಿಸಿ ಮತ್ತೆ ಹಾಕಿದ್ದರು. ನಾನೂ ಒಂದು ಮಧ್ಯಾಹ್ನವಿಡೀ ಅದನ್ನೇ ಮಾಡಿದೆ. ಸಂಜೆ ಅವನ ಚೀಲದಿಂದ ಕಾರ್ಡಿನ ರಟ್ಟಿನ ಪೆಟ್ಟಿಗೆ ತೆಗೆದಾಗ ಕೆಳಗಿನ ಸ್ಪಂಜಿನಲ್ಲಿ ಎರಡೂ ಆ್ಯಂಟೆನಾ ಹಾಗೇ ಮಲಗಿದ್ದವು. ಕಾರ್ಡ್ ಹಾಕಿದವರು ಪೆಟ್ಟಿಗೆಯ ತಳ ನೋಡಿರಲಿಲ್ಲ. ಆ ಹುಡುಗ ಎರಡು ತಿಂಗಳು ಕಷ್ಟಪಟ್ಟಿದ್ದ. ಅಂದಿನಿಂದ ನಾನು ಮೊದಲು ನೋಡುವುದು ಸಿಪಿಯು ಹಿಂಭಾಗವನ್ನು.

ಆ್ಯಂಟೆನಾವನ್ನು ಕೈಯಲ್ಲೇ ತಿರುಗಿಸಿ ಬಿಗಿ ಮಾಡಿ, ಇಕ್ಕಳ ಬೇಡ. ಮೇಜಿನ ಮೇಲೆ ನೆಟ್ಟಗೆ ನಿಲ್ಲಿಸಿ. ಸುಮಾರು ಜನ ಕಡ್ಡಿಯ ತುದಿಯನ್ನು ರೂಟರ್ ಕಡೆಗೆ ಗುರಿ ಇಡುತ್ತಾರೆ. ಕಡ್ಡಿ ಆ್ಯಂಟೆನಾದ ಅಲೆ ಅದರ ಪಕ್ಕಗಳಿಂದ ಹರಡುತ್ತದೆ, ತುದಿಯಲ್ಲಿ ತೀರಾ ಕಡಿಮೆ. ನಿಮ್ಮ ರೂಟರ್ ಸರಿಯಾಗಿ ಕೋಣೆಯ ಕೆಳಗೇ ಇದ್ದರೆ ಒಂದು ಕಡ್ಡಿಯನ್ನು ಅಡ್ಡ ಬಗ್ಗಿಸಿ ನೋಡಿ.

ಕಂಪ್ಯೂಟರ್ ಆನ್ ಮಾಡಿದಾಗ ವೈಫೈ ಗುರುತು ತಾನಾಗೇ ಬಂದರೆ ಸರಿ. ಬರದಿದ್ದರೆ ಡ್ರೈವರ್ ಬೇಕು, ಡ್ರೈವರಿಗೆ ಇಂಟರ್ನೆಟ್ ಬೇಕು! ಮೊಬೈಲನ್ನು ಚಾರ್ಜಿಂಗ್ ವೈರಿನಲ್ಲಿ ಸಿಪಿಯುಗೆ ಸೇರಿಸಿ, ಸೆಟ್ಟಿಂಗ್ಸ್‌ನಲ್ಲಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಮೊಬೈಲಿನ ಇಂಟರ್ನೆಟ್ ಕಂಪ್ಯೂಟರಿಗೆ ಬರುತ್ತದೆ, ಡ್ರೈವರ್ ಇಳಿಸಿಕೊಳ್ಳಿ.

ಪ್ರಶ್ನೆ: ನನ್ನದು ಎಎಂಡಿ ಕಂಪನಿಯ ರೈಜನ್ ಚಿಪ್ ಇರುವ ಕಂಪ್ಯೂಟರ್. ಮದರ್‌ಬೋರ್ಡಿನಲ್ಲೇ ವೈಫೈಗೆ ಎಂ.2 ಅನ್ನುವ ಪುಟ್ಟ ಕಾರ್ಡಿನ ಜಾಗ ಇದೆ. ಇಂಟೆಲ್‌ನ ಎಎಕ್ಸ್201 ವೈಫೈ ಕಾರ್ಡ್ ಅಗ್ಗವಾಗಿ ಸಿಕ್ಕಿತು, ಹಾಕಿದೆ. ಕಂಪ್ಯೂಟರಿಗೆ ಅದು ಕಾಣುವುದೇ ಇಲ್ಲ. ಕೆಟ್ಟ ಮಾಲೇ?
– ವಿದ್ಯಾರ್ಥಿ, ದಾವಣಗೆರೆ

ಉತ್ತರ: ಮಾಲು ಚೆನ್ನಾಗೇ ಇರಬಹುದು, ಜೋಡಿ ತಪ್ಪಾಗಿದೆ. ಎಎಕ್ಸ್201ರಲ್ಲಿ ಇರುವುದು ವೈಫೈ ಕೆಲಸದ ಒಂದು ಪಾಲು ಮಾತ್ರ. ಉಳಿದ ಪಾಲು ಇಂಟೆಲ್ ಕಂಪ್ಯೂಟರಿನ ಚಿಪ್‌ನೊಳಗೆ ಇರುತ್ತದೆ. ಎಎಕ್ಸ್211 ಕೂಡ ಹೀಗೇ. ಎಎಂಡಿ ಬೋರ್ಡಿನಲ್ಲಿ ಆ ಇನ್ನೊಂದು ಪಾಲು ಇಲ್ಲ, ಹಾಗಾಗಿ ಏನು ಮಾಡಿದರೂ ಕಾಣುವುದಿಲ್ಲ. ವಾಪಸ್ ಕೊಟ್ಟು ಎಎಕ್ಸ್200 ಅಥವಾ ಎಎಕ್ಸ್210 ತೆಗೆದುಕೊಳ್ಳಿ, ಅವು ಪೂರ್ತಿ ಕಾರ್ಡುಗಳು. ಲಿನಕ್ಸ್ ಬಳಸುವವರಾದರೆ ಎಎಕ್ಸ್200ಕ್ಕೆ ಕರ್ನೆಲ್ (ಲಿನಕ್ಸ್‌ನ ತಿರುಳು) 5.1, ಎಎಕ್ಸ್210ಕ್ಕೆ 5.10 ಅಥವಾ ಅದಕ್ಕಿಂತ ಹೊಸದು ಬೇಕು. ಇನ್ನೂ ವಿಂಡೋಸ್ 7 ಇದ್ದರೆ ಇವೆರಡಕ್ಕೂ ಇಂಟೆಲ್ ಡ್ರೈವರ್ ಕೊಟ್ಟಿಲ್ಲ.

ಹಾಕುವಾಗ ಒಂದೇ ಎಚ್ಚರಿಕೆ. ಆ್ಯಂಟೆನಾ ವೈರಿನ ತುದಿಯ ಗುಂಡಿ ಸಾಸಿವೆ ಕಾಳಿನಷ್ಟು ಇರುತ್ತದೆ. ಅದನ್ನು ಸರಿಯಾಗಿ ಮೇಲಿಟ್ಟು ಬೆರಳ ತುದಿಯಿಂದ ನೇರ ಒತ್ತಿ, ಟಿಕ್ ಅನ್ನುತ್ತದೆ. ಓರೆಯಾಗಿ ಒತ್ತಿದರೆ ಚಪ್ಪಟೆಯಾಗಿ ಹೋಗುತ್ತದೆ. ಪದೇ ಪದೇ ತೆಗೆದು ಹಾಕಲು ಮಾಡಿದ್ದಲ್ಲ ಅದು.

ಪ್ರಶ್ನೆ: ವೈಫೈ ಕಾರ್ಡ್ ಹಾಕಿದೆ, ವೈಫೈ ಚೆನ್ನಾಗಿದೆ. ಬ್ಲೂಟೂತ್ ಇದೆ ಅಂತ ಪೆಟ್ಟಿಗೆ ಮೇಲೆ ಬರೆದಿದೆ, ಆದರೆ ಬರುತ್ತಿಲ್ಲ.
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಪೆಟ್ಟಿಗೆಯಲ್ಲಿ ಒಂದು ಸಣ್ಣ ವೈರು ಉಳಿದಿದೆಯೇ ನೋಡಿ. ಇಂಥ ಕಾರ್ಡುಗಳಲ್ಲಿ ವೈಫೈ ಸ್ಲಾಟಿನ ಮೂಲಕ ಹೋಗುತ್ತದೆ, ಬ್ಲೂಟೂತ್ ಹೋಗುವುದು ಯುಎಸ್‌ಬಿ ಮೂಲಕ. ಆ ವೈರಿನ ಒಂದು ತುದಿ ಕಾರ್ಡಿಗೆ, ಇನ್ನೊಂದು ಮದರ್‌ಬೋರ್ಡಿನ ಯುಎಸ್‌ಬಿ 2 ಪಿನ್ನುಗಳಿಗೆ. ಎರಡು ಸಾಲಿನಲ್ಲಿ ಒಟ್ಟು 9 ಪಿನ್ ಇರುತ್ತವೆ, ಒಂದು ಮೂಲೆ ಖಾಲಿ. ವೈರಿನಲ್ಲಿ ಮುಚ್ಚಿರುವ ತೂತು ಆ ಖಾಲಿ ಮೂಲೆಗೆ ಬರಬೇಕು. ಕರೆಂಟ್ ತೆಗೆದೇ ಸಿಕ್ಕಿಸಿ. ಆ ಜಾಗದಲ್ಲಿ ಮುಂದಿನ ಯುಎಸ್‌ಬಿ ಕಿಂಡಿಗಳ ವೈರ್ ಕೂತಿದ್ದರೆ, ಬೋರ್ಡಿನಲ್ಲಿ ಅದೇ ಥರದ ಇನ್ನೊಂದು ಖಾಲಿ ಇರುತ್ತದೆಯೇ ಅಂತ ಹುಡುಕಿ. ಹಲವು ಬೋರ್ಡುಗಳಲ್ಲಿ ಎರಡು ಕೊಟ್ಟಿರುತ್ತಾರೆ.