ಅಟ್ಟದಲ್ಲಿ ಸಿಕ್ಕ ಹಳೇ ಜೋಡಿ ನಳಿಗೆ ಕೋವಿ, ಹಳೇ ಮಾಡೆಲ್ ವಿಮಾನದ ಎಂಜಿನ್: ಎರಡನ್ನೂ ಹೊಸದರ ಹಾಗೆ ಮಾಡುವುದು ಹೇಗೆ?

ನಿಮ್ಮ ಅಜ್ಜನ ಕೋವಿ, ಮಾವನ ಎಂಜಿನ್, ಒಂದೇ ಅಟ್ಟ. ನಮ್ಮನೆಯಲ್ಲಿ ಮಾವನ ಬದಲು ಚಿಕ್ಕಪ್ಪ, ಅಷ್ಟೇ ವ್ಯತ್ಯಾಸ. ನಿಮ್ಮಜ್ಜ ತೀರಿಹೋದ ಮೇಲೆ ಎರಡೂ ಸಿಕ್ಕಿವೆ, ಕೋವಿಯ ತುಕ್ಕು ಉಜ್ಜಿ ಪಾಲಿಶ್ ಮಾಡಿಸಬೇಕು, ಜಾಮ್ ಆದ ಎಂಜಿನ್ ಬಿಡಿಸಿ ಓಡಿಸಬೇಕು, ಇದನ್ನೇ ಹವ್ಯಾಸ ಮಾಡಿಕೊಳ್ಳಬೇಕು, ಮೊದಲು ಯಾವುದಕ್ಕೆ ಕೈ ಹಾಕಲಿ ಅಂತ ಕೇಳಿದ್ದೀರಿ. ಕೋವಿಗೆ ಕೈ ಹಾಕಲೇಬೇಡಿ. ಎಂಜಿನ್‌ಗೆ ಹಾಕಿ, ಆದರೆ ನಾನು ಹಾಕಿದ ಹಾಗೆ ಬೇಡ.

ನಮ್ಮದು ತೀರ್ಥಹಳ್ಳಿ ಕಡೆ ಅಡಿಕೆ ತೋಟ. ಚಿಕ್ಕಪ್ಪ ಮೈಸೂರಿನಲ್ಲಿ ಓದುವಾಗ ಎನ್‌ಸಿಸಿ ಏರ್ ವಿಂಗ್‌ನಲ್ಲಿದ್ದರು. ಅಲ್ಲಿ ಹತ್ತಿದ ಹುಚ್ಚು ಇದು. ಹಗುರವಾದ ಬಾಲ್ಸಾ ಮರ ತರಿಸಿ, ಬ್ಲೇಡಿನಲ್ಲಿ ಕೊರೆದು, ರೆಕ್ಕೆಗೆ ಟಿಶ್ಯೂ ಕಾಗದ ಅಂಟಿಸಿ, ಮೇಲೆ ಡೋಪ್ (ಕಾಗದ ಬಿಗಿಯಾಗಿಸುವ ಮೆರುಗೆಣ್ಣೆ) ಬಳಿದು ವಿಮಾನ ಮಾಡುತ್ತಿದ್ದರು. ರಜೆಗೆ ಬಂದಾಗ, ಕೊಯ್ಲಾದ ಗದ್ದೆಯಲ್ಲಿ ಹಾರಿಸುತ್ತಿದ್ದರು. ರೇಡಿಯೊ ಗೀಡಿಯೊ ಏನೂ ಇಲ್ಲ. ಹತ್ತು ಹನ್ನೆರಡು ಮೀಟರ್ ಉದ್ದದ ಎರಡು ಸಣ್ಣ ಉಕ್ಕಿನ ತಂತಿ, ಕೈಯಲ್ಲಿ ಒಂದು ಹಿಡಿ. ಹಾರಿಸುವವರು ನಡುವೆ ನಿಂತು ಗಿರಗಿರ ತಿರುಗಬೇಕು. ಹಿಡಿಯನ್ನು ಆ ಕಡೆ ಈ ಕಡೆ ವಾಲಿಸಿದರೆ ವಿಮಾನ ಏರುತ್ತದೆ, ಇಳಿಯುತ್ತದೆ. ಕಂಟ್ರೋಲ್ ಲೈನ್ ಅಂತಾರೆ. ಎನ್‌ಸಿಸಿ ಹುಡುಗರು ಈಗಲೂ ಹಾರಿಸುತ್ತಾರೆ. ಎಂಜಿನ್ ಹತ್ತಿದ ಕೂಡಲೇ ಊರಿನ ನಾಯಿಗಳೆಲ್ಲ ಒಟ್ಟಿಗೆ ಬೊಗಳುತ್ತಿದ್ದವು. ಈಥರ್ ಮತ್ತು ಸುಟ್ಟ ಹರಳೆಣ್ಣೆಯ ಆ ವಾಸನೆ ಒಮ್ಮೆ ಮೂಗಿಗೆ ಹತ್ತಿದರೆ ಬಿಡುವುದಿಲ್ಲ. ನನಗೂ ಬಿಡಲಿಲ್ಲ.

ಮುಂದೆ ಚಿಕ್ಕಪ್ಪನಿಗೆ ಕೆಲಸ, ಮದುವೆ, ಮಕ್ಕಳು. ಎಂಜಿನ್ ಒಂದು ಬಿಸ್ಕೆಟ್ ಡಬ್ಬಿಯಲ್ಲಿ ಅಟ್ಟ ಸೇರಿತು. ವರ್ಷಗಳು ಕಳೆದ ಮೇಲೆ ಅದು ನನ್ನ ಕೈಗೆ ಸಿಕ್ಕಾಗ ಮೈಯೆಲ್ಲ ಕಪ್ಪು ಕಂದು ಅಂಟು, ಮುಂದಿನ ಫ್ಯಾನ್ (ಪ್ರೊಪೆಲರ್) ಒಂದು ಕೂದಲೆಳೆಯೂ ಅಲ್ಲಾಡದು. ಚಿಕ್ಕಪ್ಪ ಮೈಸೂರಿನಲ್ಲೇ ಇದ್ದರು. ಒಂದು ಫೋನ್ ಮಾಡಿದ್ದರೆ ಸಾಕಿತ್ತು. ಮಾಡಲಿಲ್ಲ. ಫಳಫಳ ಹೊಳೆಯುವ ಹಾಗೆ ಮಾಡಿ, ಅವರ ಮುಂದೆ ಓಡಿಸಿ, ಬೆರಗುಗೊಳಿಸಬೇಕು ಅಂತ ಆಸೆ. ನಿಮ್ಮ ಪ್ರಶ್ನೆಯಲ್ಲೂ ಅದೇ ಆಸೆ ಕಾಣುತ್ತಿದೆ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಏನಾಯಿತು ಅಂತ ಬಿಡಿಸಿ ಹೇಳುತ್ತೇನೆ. ನಾನು ಅದನ್ನು ತುಕ್ಕು ಅಂದುಕೊಂಡೆ. ತುಕ್ಕು ಅಲ್ಲವೇ ಅಲ್ಲ. ಈ ಎಂಜಿನ್‌ಗಳ ಇಂಧನದಲ್ಲೇ ಹರಳೆಣ್ಣೆ ಬೆರೆತಿರುತ್ತದೆ. ಒಳಗೆ ಉಳಿದ ಹರಳೆಣ್ಣೆ ವರ್ಷಗಟ್ಟಲೆ ಗಾಳಿ ತಾಗಿ, ಬಾಣಲೆಯ ಹೊರಗೆ ಕಟ್ಟುವ ಎಣ್ಣೆ ಜಿಡ್ಡಿನ ಹಾಗೆ ಗಟ್ಟಿಯಾಗಿಬಿಡುತ್ತದೆ. ಎಂಜಿನ್ ಹಿಡಿದುಕೊಂಡಿರುವುದು ಆ ಅಂಟಿನಿಂದ. ಅದೇ ಅಂಟು ಒಳಗಿನ ಉಕ್ಕಿಗೆ ತುಕ್ಕು ಹಿಡಿಯದಂತೆ ಕಾಪಾಡಿಯೂ ಇರುತ್ತದೆ. ಹಾಗಾಗಿ ಜಾಮ್ ಆದ ಹಳೇ ಎಂಜಿನ್ ಹೆಚ್ಚಿನ ಸಲ ಒಳ್ಳೆಯ ಎಂಜಿನ್ನೇ.

ನಾನು ತುಕ್ಕಿಗೆ ಮಾಡುವ ಮದ್ದು ಮಾಡಿದೆ. ಹೊಗೆ ಹೋಗುವ ಕಿಂಡಿಯಿಂದ ಸೀಮೆಎಣ್ಣೆ ತುಂಬಿಸಿ ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ಸ್ವಲ್ಪ ಸಡಿಲ ಆಗಿತ್ತು. ಒಳಗಿನ ಸೀಮೆಎಣ್ಣೆ ಚೆಲ್ಲಲಿಲ್ಲ. ತಲೆಯ ಮೇಲಿನ ಟಿ ಆಕಾರದ ಸ್ಕ್ರೂ ಪೂರ್ತಿ ಬಿಗಿಯಾಗಿ ಕೂತಿತ್ತು, ಅದನ್ನೂ ಮುಟ್ಟಲಿಲ್ಲ. ಫ್ಯಾನ್ ನಟ್‌ಗೆ ಉದ್ದನೆಯ ಸ್ಪ್ಯಾನರ್ ಹಾಕಿ ತಿರುಗಿಸಿದೆ.

ಆ ಸ್ಕ್ರೂ ಯಾಕಿದೆ ಅಂತ ಗೊತ್ತಿದ್ದರೆ ನಾನು ಹಾಗೆ ಮಾಡುತ್ತಿರಲಿಲ್ಲ. ನೀವು ಬರೆದ ಪ್ರಕಾರ ನಿಮ್ಮ ಎಂಜಿನ್‌ಗೂ ಪ್ಲಗ್ ಇಲ್ಲ, ಟಿ ಸ್ಕ್ರೂ ಇದೆ. ಅಂದರೆ ಅದು ಮಾಡೆಲ್ ಡೀಸೆಲ್. ಕಿಡಿ ಹಾರಿಸುವ ಏರ್ಪಾಡೇ ಇಲ್ಲ. ಪಿಸ್ಟನ್ ಮೇಲೆ ಬಂದು ಗಾಳಿಯನ್ನು ಒತ್ತಿದಾಗ ಹುಟ್ಟುವ ಬಿಸಿಗೇ ಇಂಧನ ಹತ್ತಿಕೊಳ್ಳಬೇಕು. ಸಿಲಿಂಡರಿನ ಮೇಲ್ಭಾಗದಲ್ಲಿ ಇನ್ನೊಂದು ಪುಟ್ಟ ಪಿಸ್ಟನ್ ಇರುತ್ತದೆ, ಸ್ಕ್ರೂ ಅದನ್ನು ಕೆಳಕ್ಕೆ ತಳ್ಳುತ್ತದೆ. ಸ್ಕ್ರೂ ಬಿಗಿ ಮಾಡಿದಷ್ಟೂ ಒಳಗೆ ಜಾಗ ಕಡಿಮೆ. ನನ್ನ ಎಂಜಿನ್‌ನಲ್ಲಿ ಜಾಗ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ ಇತ್ತು, ಅದರಲ್ಲಿ ಸೀಮೆಎಣ್ಣೆ ಬೇರೆ. ಗಾಳಿ ಒತ್ತಿದರೆ ಕುಗ್ಗುತ್ತದೆ, ಎಣ್ಣೆ ಕುಗ್ಗುವುದಿಲ್ಲ. ಪಿಸ್ಟನ್ ಮೇಲೇರಿ ಕಿಂಡಿ ಮುಚ್ಚಿದ ಮೇಲೆ ಆ ಎಣ್ಣೆಗೆ ಹೋಗಲು ದಾರಿಯಿಲ್ಲ. ಸ್ಪ್ಯಾನರ್ ಹಿಡಿದವನು ಬಿಡುತ್ತಿಲ್ಲ. ಯಾವುದಾದರೂ ಒಂದು ಮುರಿಯಲೇಬೇಕು.

ಕಟಕ್ ಅಂತು. ಆಮೇಲೆ ಫ್ಯಾನ್ ಸರಾಗವಾಗಿ ತಿರುಗಿತು. ಬಿಟ್ಟಿತು ಅಂತ ಖುಷಿಯಲ್ಲಿ ಇನ್ನೂ ನಾಲ್ಕು ಸುತ್ತು ಜಾಸ್ತಿ ತಿರುಗಿಸಿದೆ. ಮುರಿದದ್ದು ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡ್. ಆ ನಾಲ್ಕು ಸುತ್ತಿನಲ್ಲಿ ರಾಡಿನ ತುಂಡು ಸಿಲಿಂಡರನ್ನೂ ಗೀರಿತು.

ರಾಡ್ ಒಂದೇ ಹೋಗಿದ್ದರೆ ನಾನು ಇವತ್ತು ಇಷ್ಟು ಕೊರೆಯುತ್ತಿರಲಿಲ್ಲ. ಪೀಣ್ಯದಲ್ಲಿ ಒಬ್ಬ ಲೇತ್ ಕೆಲಸದವರು ಅಲ್ಯೂಮಿನಿಯಂನಲ್ಲಿ ಹೊಸ ರಾಡ್ ಚೆನ್ನಾಗಿಯೇ ಮಾಡಿಕೊಟ್ಟರು. ಆದರೆ ಈ ಪುಟ್ಟ ಡೀಸೆಲ್‌ಗಳಲ್ಲಿ ಬೈಕಿನ ಎಂಜಿನ್ನಿನ ಹಾಗೆ ಪಿಸ್ಟನ್ ರಿಂಗ್ ಇರುವುದಿಲ್ಲ. ಪಿಸ್ಟನ್ ಮತ್ತು ಸಿಲಿಂಡರನ್ನು ಒಂದಕ್ಕೊಂದು ಜೋಡಿಯಾಗಿ ನುಣ್ಣಗೆ ಉಜ್ಜಿ ಕೂರಿಸಿರುತ್ತಾರೆ. ಆ ಜೋಡಿ ಗಾಳಿ ಸೋರಲು ಬಿಡದಿದ್ದರೆ ಮಾತ್ರ ಒತ್ತಡ, ಒತ್ತಡ ಇದ್ದರೆ ಮಾತ್ರ ಬೆಂಕಿ. ಒಂದು ಗೀರು ಬಿದ್ದರೆ ಮುಗಿಯಿತು. ಹೊಸ ಜೋಡಿ ಮಾಡಿಸುವ ಖರ್ಚಿಗೆ ಬೇರೆ ಎಂಜಿನ್ನೇ ಬರುತ್ತಿತ್ತು. ನಮ್ಮದು ಕಲ್ಕತ್ತಾದಲ್ಲಿ ತಯಾರಾಗುತ್ತಿದ್ದ ಅರೋರಾ. ಒಂದು ಕಾಲಕ್ಕೆ ನಮ್ಮ ದೇಶದ ಹುಡುಗರ ಕೈಗೆ ಎಟುಕುತ್ತಿದ್ದ ಎಂಜಿನ್ ಅದು. ಈಗ ಬಿಡಿಭಾಗ ಬೇಕೆಂದರೆ ಇನ್ನೊಂದು ಕೆಟ್ಟ ಅರೋರಾ ಹುಡುಕಬೇಕು. ಹುಡುಕಿದೆ. ಸಿಕ್ಕಿತು. ಅದೂ ಜಾಮ್ ಆಗಿತ್ತು!

ಈ ಸಲ ಚಿಕ್ಕಪ್ಪನಿಗೆ ಫೋನ್ ಮಾಡಿದೆ. ಮೊದಲು ಬೈದರು. ಆಮೇಲೆ ಹೇಳಿಕೊಟ್ಟರು. ಟಿ ಸ್ಕ್ರೂ ನಾಲ್ಕೈದು ಸುತ್ತು ಹಿಂದಕ್ಕೆ ತಿರುಗಿಸು. ತಲೆಗೂದಲು ಒಣಗಿಸುವ ಡ್ರೈಯರಿನಲ್ಲಿ ಎಂಜಿನ್ ಬಿಸಿ ಮಾಡು, ಕೈಯಲ್ಲಿ ಹಿಡಿಯಲಾಗದಷ್ಟು ಬಿಸಿಯಾಗಬೇಕು. ಬಿಸಿಗೆ ಅಂಟು ಕರಗುತ್ತದೆ, ಹೊರಗಿನ ಅಲ್ಯೂಮಿನಿಯಂ ಒಳಗಿನ ಉಕ್ಕಿಗಿಂತ ಜಾಸ್ತಿ ಹಿಗ್ಗುತ್ತದೆ. ಬಟ್ಟೆ ಸುತ್ತಿ ಹಿಡಿದು, ಮರದ ಫ್ಯಾನನ್ನು ಬರೀ ಕೈಬಲದಲ್ಲಿ ಆ ಕಡೆ ಈ ಕಡೆ ಮೆಲ್ಲಗೆ ಅಲ್ಲಾಡಿಸು. ಬರದಿದ್ದರೆ ಮತ್ತೆ ಬಿಸಿ ಮಾಡು. ಒಂದು ಸಂಜೆಯಲ್ಲಿ ಆಗದಿದ್ದರೆ ನಾಳೆ ಮಾಡು. ಇಕ್ಕಳ ಬೇಡ, ಸ್ಪ್ಯಾನರ್ ಬೇಡ, ಕಿಂಡಿಯೊಳಗೆ ಸ್ಕ್ರೂಡ್ರೈವರ್ ಅಂತೂ ಬೇಡವೇ ಬೇಡ. ಬಿಟ್ಟುಕೊಂಡ ಮೇಲೆ ತೆಳು ಎಣ್ಣೆ ಹಾಕಿ, ಕಿಂಡಿ ಕೆಳಗೆ ಮಾಡಿ ಪೂರ್ತಿ ಬಸಿ. ಥಿನ್ನರ್ ಬಳಸುವುದಿದ್ದರೆ ಬಿಸಿ ಆರಿದ ಮೇಲೆ, ಹೊರಗೆ ಗಾಳಿಯಲ್ಲಿ. ಇದರಲ್ಲಿ ನನ್ನದು ಒಂದು ಮಾತೂ ಇಲ್ಲ, ಎಲ್ಲ ಅವರದ್ದೇ.

ಓಡಿಸುವ ಇಂಧನಕ್ಕೆ ಬಂಕಿನ ಡೀಸೆಲ್ ಹಾಕಬೇಡಿ. ಈಥರ್, ಸೀಮೆಎಣ್ಣೆ, ಹರಳೆಣ್ಣೆ, ಹೆಚ್ಚುಕಡಿಮೆ ಸಮಪಾಲು. ಅಡುಗೆಮನೆಯಲ್ಲಿ ಕೂತು ಬೆರೆಸುವ ಕೆಲಸ ಇದಲ್ಲ. ಈಥರ್ ಆವಿಗೆ ತಲೆ ತಿರುಗುತ್ತದೆ, ದೂರದ ಒಲೆಯಿಂದಲೂ ಬೆಂಕಿ ಹಿಡಿಯುತ್ತದೆ. ಹಳೇ ಬಾಟಲಿಯಲ್ಲಿ ಪೆರಾಕ್ಸೈಡ್ ಕಟ್ಟಿಕೊಂಡು ಸಿಡಿಯಬಹುದು. ನಿಮ್ಮ ಡಬ್ಬಿಯಲ್ಲಿ ಹಳೇ ಇಂಧನದ ಬಾಟಲಿ ಇದ್ದರೆ ಅದರ ಮುಚ್ಚಳ ತೆಗೆಯುವ ಸಾಹಸ ಬೇಡ. ಈ ಕೆಲಸ ಗೊತ್ತಿದ್ದವರ ಹತ್ತಿರ ಕಲಿಯಿರಿ, ಯಾವುದಾದರೂ ಏರೋಮಾಡೆಲಿಂಗ್ ಗುಂಪಿನಲ್ಲಿ ಒಬ್ಬ ಹಿರಿಯರು ಇದ್ದೇ ಇರುತ್ತಾರೆ. ಡಬ್ಬಿಯಲ್ಲಿ ಪ್ಲಗ್ ಇರುವ ಎಂಜಿನ್ ಇನ್ನೊಂದು ಸಿಕ್ಕರೆ ಅದರ ಜಾತಿಯೇ ಬೇರೆ. ಅಮೆರಿಕದ ರೇ ಆರ್ಡೆನ್ 1947ರಲ್ಲಿ ಮಾರುಕಟ್ಟೆಗೆ ತಂದ ಗ್ಲೋ ಪ್ಲಗ್ ಅದು. ಪ್ಲಾಟಿನಂ ತಂತಿಯ ಸುರುಳಿ, ಒಮ್ಮೆ ಬ್ಯಾಟರಿಯಿಂದ ಕೆಂಪಗೆ ಮಾಡಿದರೆ ಆಮೇಲೆ ಎಂಜಿನ್ ಓಡುವಷ್ಟು ಹೊತ್ತೂ ತಾನೇ ಕೆಂಪಗಿರುತ್ತದೆ. ಅದಕ್ಕೆ ಮೆಥನಾಲ್ ಇಂಧನ. ಒಂದರದ್ದನ್ನು ಇನ್ನೊಂದಕ್ಕೆ ಹಾಕುವಂತಿಲ್ಲ.

ಈಗ ಕೋವಿ. ಇಲ್ಲಿ ನಿಮ್ಮ ಪ್ರಶ್ನೆಯೇ ತಪ್ಪು, ಬೇಜಾರು ಮಾಡಿಕೊಳ್ಳಬೇಡಿ. ಮೊದಲು ಯಾವುದನ್ನು ಪಾಲಿಶ್ ಮಾಡಲಿ ಅಂತ ಕೇಳಿದ್ದೀರಿ. ಅಜ್ಜನ ಹೆಸರಿನ ಪರವಾನಗಿ ಅಜ್ಜನ ಜೊತೆಗೇ ಹೋಯಿತು. ಈಗ ಆ ಕೋವಿ ಅಟ್ಟದಲ್ಲಿ ಇರುವುದೇ ತೊಂದರೆ. ತಡಮಾಡದೆ ಹತ್ತಿರದ ಠಾಣೆಯಲ್ಲೋ ಪರವಾನಗಿ ಇರುವ ಕೋವಿ ಅಂಗಡಿಯಲ್ಲೋ ಠೇವಣಿ ಇಡಬೇಕು, 1959ರ ಆಯುಧ ಕಾಯ್ದೆ ಹಾಗೆ ಹೇಳುತ್ತದೆ. ಮೊದಲು ಠಾಣೆಗೆ ಹೋಗಿ ವಿಷಯ ತಿಳಿಸಿ. ಕೋವಿ ಹೇಗೆ ತರಬೇಕು ಅಂತ ಅವರನ್ನೇ ಕೇಳಿ, ಇಟ್ಟ ಮೇಲೆ ರಸೀದಿ ತೆಗೆದುಕೊಳ್ಳಿ. ನಮ್ಮಪ್ಪ ಅಜ್ಜನ ತಿಥಿ ಮುಗಿಯುವ ಮೊದಲೇ ಈ ಕೆಲಸ ಮಾಡಿದ್ದರು. ಏನು ಅವಸರ ಅಂತ ನಾವು ಗೊಣಗಿದ್ದೆವು. ಆಮೇಲೆ ವಾರಸುದಾರರಾಗಿ ಅರ್ಜಿ ಹಾಕಿ, ಅತ್ತೆಯರ ಒಪ್ಪಿಗೆ ಪತ್ರ ಇಟ್ಟು, ಬೆಳೆ ರಕ್ಷಣೆ ಪರವಾನಗಿ ತಮ್ಮ ಹೆಸರಿಗೆ ಮಾಡಿಸಿಕೊಂಡರು. ಅಜ್ಜ ಇದ್ದಾಗಲೇ ಮಾಡಬಹುದಿತ್ತು. 2016ರ ನಿಯಮದ ಪ್ರಕಾರ, ಪರವಾನಗಿದಾರರಿಗೆ 70 ವರ್ಷ ದಾಟಿದರೆ ಅಥವಾ ಅವರು 25 ವರ್ಷ ಕೋವಿ ಇಟ್ಟುಕೊಂಡಿದ್ದರೆ ವಾರಸುದಾರರ ಹೆಸರಿಗೆ ಕೇಳಬಹುದು. ಇದನ್ನು ಓದುವ ಬೇರೆಯವರಿಗಾದರೂ ಉಪಯೋಗ ಆಗಲಿ.

‘ಇದು ಆಂಟಿಕ್, ಲೈಸೆನ್ಸ್ ಬೇಡ’ ಅಂತ ಯಾರೋ ಹೇಳಿದರು ಅಂತಲೂ ಬರೆದಿದ್ದೀರಿ. ಅರ್ಧ ನಿಜ. ಹಳೇ ಮಾದರಿಯ, ಪುರಾತನ ವಸ್ತುವಾಗಿ ಬೆಲೆಯುಳ್ಳ ಅಥವಾ ಕೆಟ್ಟುಹೋದ ಆಯುಧಕ್ಕೆ ಕಾಯ್ದೆಯಲ್ಲಿ ವಿನಾಯಿತಿ ಇದೆ. ಆದರೆ ಅದು ರಿಪೇರಿ ಮಾಡಿದರೂ ಗುಂಡು ಹಾರಿಸಲಾಗದಂಥದ್ದಾಗಿರಬೇಕು. ನೀವು ಕೇಳುತ್ತಿರುವುದೇ ರಿಪೇರಿ! ಜೊತೆಗೆ, ಕೋವಿ ರಿಪೇರಿ ಮಾಡುವವರಿಗೂ ಪರವಾನಗಿ ಬೇಕು. ಊರಿನ ಕಮ್ಮಾರರ ಹತ್ತಿರವೋ ಲೇತ್ ಅಂಗಡಿಗೋ ಕೊಟ್ಟರೆ ನಿಮ್ಮ ಜೊತೆ ಅವರೂ ಸಿಕ್ಕಿಹಾಕಿಕೊಳ್ಳುತ್ತಾರೆ. ನಮ್ಮಲ್ಲಿ ಕೋವಿಗೆ ಲೈಸೆನ್ಸೇ ಬೇಡ ಅನ್ನುವ ಕೊಡಗಿನ ಗೆಳೆಯನ ಮಾತನ್ನೂ ನಂಬಿ ಕೂರಬೇಡಿ. ಅಲ್ಲಿನ ವಿನಾಯಿತಿ ಕೊಡವರಿಗೆ ಮತ್ತು ಜಮ್ಮಾ (ಕೊಡಗಿನ ಹಳೇ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೆ. 2019ರಲ್ಲಿ ಕೇಂದ್ರ ಅದನ್ನು 2029ರವರೆಗೆ ವಿಸ್ತರಿಸಿತು, 2021ರಲ್ಲಿ ನಮ್ಮ ಹೈಕೋರ್ಟ್ ಎತ್ತಿಹಿಡಿಯಿತು. ಕೈಲ್‌ಪೋಳ್ದ್ ಹಬ್ಬದಲ್ಲಿ ಕೋವಿಗೆ ಹೂವಿಟ್ಟು ಪೂಜೆ ಮಾಡುವ ಮನೆಗಳ ವಿಷಯ ಅದು. ಶಿವಮೊಗ್ಗ ಜಿಲ್ಲೆಯ ನಿಮಗೂ ನನಗೂ ಅನ್ವಯಿಸುವುದಿಲ್ಲ.

ನಳಿಗೆಯ ಮೇಲೆ ಅಲೆ ಅಲೆಯಾಗಿ ಗೆರೆ ಇದೆ, ಅದನ್ನು ಉಜ್ಜಿ ತೆಗೆಯಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ! ಅದು ಕೊಳೆ ಅಲ್ಲ. ಡಮಾಸ್ಕಸ್ ನಳಿಗೆ ಇರಬೇಕು. ಕಬ್ಬಿಣ, ಉಕ್ಕಿನ ಪಟ್ಟಿಗಳನ್ನು ಹೊಸೆದು, ಸರಳಿಗೆ ಸುತ್ತಿ, ಕಾಯಿಸಿ ಬಡಿದು ಬೆಸೆದಾಗ ಬರುವ ಚಿತ್ತಾರ. ಎಮರಿ ಕಾಗದ ಹಾಕಿದರೆ ಆ ಬಣ್ಣ, ಚಿತ್ತಾರ ಹೋಗುತ್ತದೆ. ಇಂಗ್ಲೆಂಡಿನ ಕೋವಿಯಾಗಿದ್ದರೆ ನಳಿಗೆಯ ಬುಡದಲ್ಲಿ ಲಂಡನ್ ಅಥವಾ ಬರ್ಮಿಂಗ್‌ಹ್ಯಾಮಿನ ನಳಿಗೆ ಪರೀಕ್ಷಿಸುವ ಪ್ರೂಫ್ ಹೌಸಿನ ಸಣ್ಣ ಮುದ್ರೆ ಇರುತ್ತದೆ. ಯಾವ ಮದ್ದಿಗೆ ಪರೀಕ್ಷೆಯಾದ ನಳಿಗೆ ಅಂತ ಹೇಳುವುದು ಅದೇ. ಪಾಲಿಶ್ ಮಾಡಿದರೆ ಮೊದಲು ಅಳಿಸಿಹೋಗುವುದೂ ಅದೇ. ಡಮಾಸ್ಕಸ್ ನಳಿಗೆಗಳು ಹೆಚ್ಚಾಗಿ ಕಪ್ಪು ಮದ್ದಿನ, ಅಂದರೆ ಹಳೇ ಗನ್‌ಪೌಡರಿನ, ಕಾಲದವು. ಬೆಸುಗೆಯ ಒಳಗೆ ತುಕ್ಕು ತಿಂದಿರುವುದು ಹೊರಗಿನಿಂದ ಕಾಣುವುದಿಲ್ಲ. ಈಗಿನ ತೋಟಾ ಹಾಕಿ ಹೊಡೆದರೆ ಎಡಗೈ ಹಿಡಿದ ಜಾಗದಲ್ಲೇ ಸಿಡಿಯಬಹುದು. ಪರವಾನಗಿ ಸಿಕ್ಕಿದರೂ ಈ ಕೋವಿಯಲ್ಲಿ ಈಡು ಹೊಡೆಯಬೇಡಿ.

ಹಳೇ ಕೋವಿ ಸಂಗ್ರಹ ಹವ್ಯಾಸ ಅಂತೀರಲ್ಲ, ನಮ್ಮಲ್ಲಿ ಅದು ಕಾಗದಪತ್ರದ ಹವ್ಯಾಸ. 2019ರ ತಿದ್ದುಪಡಿ ಆದ ಮೇಲೆ ಒಬ್ಬರಿಗೆ ಎರಡೇ ಬಂದೂಕು, ಪಿತ್ರಾರ್ಜಿತ ಆದರೂ ಅಷ್ಟೇ. ಹಳೇ ಆಯುಧ ನೋಡುವ ಆಸೆ ಇದ್ದರೆ ಶಿವಮೊಗ್ಗದ ಶಿವಪ್ಪ ನಾಯಕ ಅರಮನೆಯ ವಸ್ತುಸಂಗ್ರಹಾಲಯಕ್ಕೆ ಹೋಗಿ. ಹೊಸನಗರ ತಾಲ್ಲೂಕಿನ ನಗರ ಅನ್ನುವ ಊರಿನ ಹಾಳುಬಾವಿಯಲ್ಲಿ 2018ರಲ್ಲಿ ಸಾವಿರ ಚಿಲ್ಲರೆ ಕಬ್ಬಿಣದ ರಾಕೆಟ್ ಸಿಕ್ಕವಲ್ಲ, ಟಿಪ್ಪು ಕಾಲದ್ದು, ಅವನ್ನು ಅಲ್ಲಿ ಕೂಡಿಟ್ಟಿದ್ದಾರೆ. ತುಕ್ಕು ಹಿಡಿದೇ ಇವೆ, ಯಾರೂ ಅವಕ್ಕೆ ಬ್ರಾಸೊ ಪಾಲಿಶ್ ಹಚ್ಚಿಲ್ಲ.

ಹವ್ಯಾಸ ಬೇಕಾದರೆ ಎಂಜಿನ್ ಸಾಕು. ಹೊರಗಿನ ಕಪ್ಪನ್ನು ಪೂರ್ತಿ ಉಜ್ಜಬೇಡಿ, ತಿರುಗುವಷ್ಟು ಸ್ವಚ್ಛವಾದರೆ ಸಾಕು. ಹಾರಿಸುವ ಮೊದಲು ಹಲಗೆಗೆ ಬೋಲ್ಟ್ ಮಾಡಿ ಓಡಿಸಿ ನೋಡಿ. ಫ್ಯಾನ್ ತಿರುಗಿಸಲು ಬೆರಳು ಬೇಡ, ರಬ್ಬರ್ ಸುತ್ತಿದ ಕೋಲು ಇಟ್ಟುಕೊಳ್ಳಿ. ಟಿ ಸ್ಕ್ರೂ ಸಡಿಲದಿಂದ ಶುರು ಮಾಡಿ, ಪಟ್ ಅನ್ನುವವರೆಗೆ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ಫ್ಯಾನ್ ತಟ್ಟನೆ ಕಲ್ಲಿನ ಹಾಗೆ ನಿಂತರೆ ಒಳಗೆ ಇಂಧನ ಜಾಸ್ತಿಯಾಗಿದೆ ಅಂತ. ಅಲ್ಲಿಗೆ ನಿಲ್ಲಿಸಿ, ಸ್ಕ್ರೂ ಹಿಂದಕ್ಕೆ ತಿರುಗಿಸಿ, ಬಸಿದು ಮತ್ತೆ ನೋಡಿ. ಕಂಟ್ರೋಲ್ ಲೈನ್ ಹಾರಿಸುವ ಗದ್ದೆಯ ಹತ್ತಿರ ಕರೆಂಟ್ ತಂತಿ ಇರಲೇಬಾರದು, ನಿಮ್ಮ ಕೈಯಲ್ಲಿರುವುದೂ ಉಕ್ಕಿನ ತಂತಿಯೇ. ಆಮೇಲೆ, ಎಂಜಿನ್ ಡಬ್ಬಿ ಅಟ್ಟಕ್ಕಿಟ್ಟ ಮಾವ ಇನ್ನೂ ಇದ್ದಾರಾ ಅಂತ ನೀವು ಬರೆದಿಲ್ಲ. ಇದ್ದರೆ ಸ್ಪ್ಯಾನರ್ ಕೆಳಗಿಟ್ಟು ಮೊದಲು ಅವರಿಗೆ ಫೋನ್ ಮಾಡಿ.