ಹೊರದೇಶದಲ್ಲಿ ಫೋಟೋಶೂಟ್‌ಗೆ ಜಾಗ ಆರಿಸುವುದು ಹೇಗೆ?

ನೀವು ಕೇಳಿದ್ದು ಇಷ್ಟು: ಮೊದಲ ಸಲ ಹೊರದೇಶದಲ್ಲಿ ಫ್ಯಾಷನ್ ಮತ್ತು ಪೋರ್ಟ್ರೇಟ್ ಶೂಟ್. ಜೊತೆಗೆ ಒಬ್ಬರು ಮಾಡೆಲ್, ಒಬ್ಬರು ಮೇಕಪ್ ಮಾಡುವವರು. ಕೈಯಲ್ಲಿರುವುದು 5 ದಿನ. ಇನ್‌ಸ್ಟಾಗ್ರಾಂನಲ್ಲಿ 40 ಜಾಗ ಸೇವ್ ಮಾಡಿಟ್ಟಿದ್ದೀರಿ, ಅದರಲ್ಲಿ ಯಾವುದನ್ನು ಇಟ್ಟುಕೊಳ್ಳೋದು, ಯಾವುದನ್ನು ಬಿಡೋದು?

ಸದ್ಯಕ್ಕೆ 35 ಅಳಿಸಿಬಿಡಿ. ತಮಾಷೆಗೆ ಹೇಳುತ್ತಿಲ್ಲ.

ನೋಡಲು ಚೆಂದ ಇರುವ ಜಾಗ ಬೇರೆ, ಒಬ್ಬರನ್ನು ನಿಲ್ಲಿಸಿ ಫೋಟೋ ತೆಗೆಯಲು ಚೆಂದ ಇರುವ ಜಾಗ ಬೇರೆ. ನೀವು 85 ಎಂಎಂ ಲೆನ್ಸ್ ಹಾಕಿ ಅಪರ್ಚರ್ (ಲೆನ್ಸ್ ಒಳಗೆ ಬೆಳಕು ಬರುವ ಕಿಂಡಿ) ದೊಡ್ಡದಾಗಿ ತೆರೆದಿಟ್ಟು ಮುಖದ ಹತ್ತಿರ ಹೋದರೆ ಹಿಂದಿನ ಆ ಅದ್ಭುತ ಬೆಟ್ಟ ಬರೀ ನೀಲಿ ಮಸುಕು ಆಗುತ್ತದೆ. ಅದಕ್ಕೋಸ್ಕರ ಮೂರು ಗಂಟೆ ಬೆಟ್ಟ ಹತ್ತಿರುತ್ತೀರಿ, ಮಾಡೆಲ್ ಬೆವತು ಹೋಗಿರುತ್ತಾರೆ, ಮೇಕಪ್ ಕರಗಿರುತ್ತದೆ. ಅದೇ ಲೆನ್ಸ್‌ನಲ್ಲಿ ತಲೆಯಿಂದ ಕಾಲಿನವರೆಗೆ ಪೂರ್ತಿ ಡ್ರೆಸ್ ಬರಬೇಕು ಅಂದರೆ ನೀವು 5 ಮೀಟರ್ ಹಿಂದೆ ಸರಿಯಬೇಕು. ನೀವು ಸೇವ್ ಮಾಡಿದ 2 ಮೀಟರ್ ಅಗಲದ ನೀಲಿ ಗಲ್ಲಿಯಲ್ಲಿ ಎಲ್ಲಿಗೆ ಸರಿಯುತ್ತೀರಿ? ಗಲ್ಲಿಯ ಉದ್ದಕ್ಕೆ ತೆಗೆಯಬಹುದು, ಗೋಡೆಗೆ ಎದುರಾಗಿ ನಿಂತು ತೆಗೆಯಲು ಆಗುವುದಿಲ್ಲ. ಇದೆಲ್ಲ ಬೇರೆಯವರ ಫೋಟೋ ನೋಡಿದರೆ ಗೊತ್ತಾಗುವುದಿಲ್ಲ. ಯಾಕೆಂದರೆ ಆ ಫೋಟೋದಲ್ಲಿ ಕ್ಯಾಮೆರಾದ ಹಿಂದೆ ಏನಿತ್ತು ಅನ್ನೋದು ಕಾಣುವುದೇ ಇಲ್ಲ, ಅಲ್ವಾ?

ನನಗೆ ಇದು ತಲೆಗೆ ಹೋಗಿದ್ದು ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ನಲ್ಲಿ. ಯುರೋಪಿನಲ್ಲಿ ಚಳಿ ಇರುವಾಗ ಅಲ್ಲಿ ಬೇಸಿಗೆ, ಹಾಗಾಗಿ ಆ ತಿಂಗಳುಗಳಲ್ಲಿ ಫ್ಯಾಷನ್ ಶೂಟ್‌ನವರು ಅಲ್ಲಿಗೆ ದಂಡಿಯಾಗಿ ಬರುತ್ತಾರೆ. ನಾನು ಹೋಗಿದ್ದು ಮಾರ್ಚ್‌ನಲ್ಲಿ. ಹೊರಡುವ ಮೊದಲೇ ಗೂಗಲ್ ಮ್ಯಾಪ್‌ನ ಸ್ಟ್ರೀಟ್ ವ್ಯೂನಲ್ಲಿ ಒಂದು ಗೋಡೆ ಹುಡುಕಿಟ್ಟಿದ್ದೆ. ಬಣ್ಣ ಮಾಸಿದ ತಿಳಿ ಗುಲಾಬಿ ಗೋಡೆ, ಉತ್ತರಕ್ಕೆ ಮುಖ. ಉತ್ತರದ ಗೋಡೆ ಅಂದರೆ ನೆರಳು, ನೆರಳು ಅಂದರೆ ಮೆತ್ತಗಿನ ಬೆಳಕು, ಆರಾಮಾಗಿ ಹೋದರಾಯಿತು ಅಂದುಕೊಂಡು 11 ಗಂಟೆಗೆ ಅಲ್ಲಿಗೆ ಹೋದರೆ ಬಿಸಿಲು ಗೋಡೆಗೆ ನೆಟ್ಟಗೆ ಹೊಡೆಯುತ್ತಿದೆ. ಅಷ್ಟು ದಕ್ಷಿಣಕ್ಕೆ ಹೋದರೆ ಸೂರ್ಯ ಮಧ್ಯಾಹ್ನ ಉತ್ತರದ ಆಕಾಶದಲ್ಲಿ ಇರುತ್ತಾನೆ. ಶಾಲೆಯಲ್ಲಿ ಓದಿದ್ದು, ಮರೆತದ್ದು. ಮಾಡೆಲ್‌ಗೆ ಕಣ್ಣು ಬಿಡಲೂ ಆಗುತ್ತಿಲ್ಲ, ಮೂಗಿನ ಕೆಳಗೆ ಮೀಸೆಯ ಹಾಗೆ ಕಪ್ಪು ನೆರಳು.

ಬೇರೆ ದಾರಿ ಇಲ್ಲದೆ ರಸ್ತೆಯ ಆಚೆ ಬದಿಗೆ ಹೋದೆವು. ಅಲ್ಲಿ ಮುಚ್ಚಿದ ಅಂಗಡಿಯೊಂದರ ಬೂದು ಬಣ್ಣದ ಶಟರ್. ಯಾರೂ ತಿರುಗಿ ನೋಡದಂಥ ಶಟರ್. ಅದು ದಕ್ಷಿಣಕ್ಕೆ ಮುಖ ಮಾಡಿತ್ತು, ಪೂರ್ತಿ ನೆರಳು. ಮಾಡೆಲ್ ಅಲ್ಲಿ ನಿಂತ ತಕ್ಷಣ ಎದುರಿನ ಗುಲಾಬಿ ಗೋಡೆಗೆ ಬಿದ್ದ ಬಿಸಿಲು ಅವರ ಮುಖಕ್ಕೆ ತಿರುಗಿ ಬಂತು. ಮೂರು ಮಹಡಿಯ ರಿಫ್ಲೆಕ್ಟರ್ (ಬೆಳಕನ್ನು ಮುಖಕ್ಕೆ ತಿರುಗಿಸುವ ಹಲಗೆ), ಬಾಡಿಗೆ ಇಲ್ಲದೆ. ಚರ್ಮಕ್ಕೆ ಬೆಚ್ಚಗಿನ ಬಣ್ಣ, ಕಣ್ಣಲ್ಲಿ ದೊಡ್ಡ ಹೊಳಪು. ಆ ಪ್ರವಾಸದಲ್ಲಿ ತೆಗೆದಿದ್ದರಲ್ಲಿ ನನಗೆ ಇವತ್ತಿಗೂ ಇಷ್ಟವಾಗುವ ಫೋಟೋ ಅದೇ. ನಾನು ಅಷ್ಟು ದೂರ ಹುಡುಕಿಕೊಂಡು ಹೋದ ಗೋಡೆ ಅದರಲ್ಲಿ ಕಾಣುವುದೇ ಇಲ್ಲ.

ಅಂದಿನಿಂದ ಜಾಗ ನೋಡಲು ಹೋದಾಗ ಮೊದಲು ಕ್ಯಾಮೆರಾ ತೆಗೆಯುವುದಿಲ್ಲ. ಮುಷ್ಟಿ ಬಿಗಿಹಿಡಿದು ಕೈಯನ್ನು ಮುಖದ ಎತ್ತರಕ್ಕೆ ಚಾಚಿ ನಿಂತಲ್ಲೇ ನಿಧಾನವಾಗಿ ಒಂದು ಸುತ್ತು ತಿರುಗುತ್ತೇನೆ. ಬೆರಳ ಗೆಣ್ಣುಗಳ ನೆರಳು ಎಲ್ಲಿ ಗಟ್ಟಿಯಾಗುತ್ತದೆ, ಎಲ್ಲಿ ಕರಗುತ್ತದೆ ಅಂತ ಕಣ್ಣಿಗೇ ಕಾಣುತ್ತದೆ. ಕರಗುವ ಕಡೆ ಮಾಡೆಲ್ ಮುಖ ಇರಬೇಕು. ನೋಡುವವರಿಗೆ ಹುಚ್ಚು ಅನ್ನಿಸುತ್ತದೆ, ಅನ್ನಿಸಲಿ ಬಿಡಿ.

ಆಮೇಲೆ ನೆಲ ನೋಡಿ. ಹೆಚ್ಚಿನವರು ನೆಲ ನೋಡುವುದೇ ಇಲ್ಲ. ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿರುವ ವೈಟ್ ಸ್ಯಾಂಡ್ಸ್‌ನ ಮರಳು ಜಿಪ್ಸಮ್, ಹಾಲಿನಂತೆ ಬಿಳಿ. ಬೆಳಕು ಕೆಳಗಿನಿಂದ ಮೇಲಕ್ಕೆ ಬಂದು ಕಣ್ಣಿನ ಗುಳಿ ತುಂಬುತ್ತದೆ. ಬಿಸಿಲಲ್ಲೂ ಆ ಮರಳು ಕಾಲು ಸುಡುವಷ್ಟು ಕಾಯುವುದಿಲ್ಲ, ಬರಿಗಾಲಲ್ಲಿ ನಿಲ್ಲಿಸಬಹುದು. ಪಕ್ಕದಲ್ಲೇ ಕ್ಷಿಪಣಿ ಪರೀಕ್ಷಾ ವಲಯ ಇರುವುದರಿಂದ ಕೆಲವೊಮ್ಮೆ ರಸ್ತೆ, ಪಾರ್ಕ್ ಎಲ್ಲ ಕೆಲವು ಗಂಟೆ ಮುಚ್ಚುತ್ತಾರೆ. ಆ ದಿನದ ಸೂಚನೆ ನೋಡಿಕೊಂಡೇ ಹೊರಡಿ. ಐಸ್‌ಲ್ಯಾಂಡಿನ ರೇನಿಸ್‌ಫಿಯಾರಾ ಕಡಲತೀರದ್ದು ಇದಕ್ಕೆ ತದ್ವಿರುದ್ಧ. ಕಪ್ಪು ಮರಳು ಬೆಳಕನ್ನೆಲ್ಲ ನುಂಗಿಬಿಡುತ್ತದೆ, ಕೆಳಗಿನಿಂದ ಏನೂ ಬರುವುದಿಲ್ಲ. ರಿಫ್ಲೆಕ್ಟರ್ ಬೇಕೇ ಬೇಕು, ಆದರೆ ಅಲ್ಲಿನ ಗಾಳಿಗೆ ಅದು ಹಾಯಿಯಾಗಿ ಹಿಡಿದವರನ್ನೇ ಎಳೆಯುತ್ತದೆ. ಮತ್ತೆ ಅಲ್ಲಿ ಅಲೆಗೆ ಬೆನ್ನು ಹಾಕಿ ನಿಲ್ಲಿಸಬೇಡಿ, ದಯವಿಟ್ಟು. ಸಣ್ಣ ಸಣ್ಣ ಅಲೆಗಳ ನಡುವೆ ಇದ್ದಕ್ಕಿದ್ದ ಹಾಗೆ ಒಂದು ದೊಡ್ಡದು ಮೇಲಿನವರೆಗೂ ನುಗ್ಗುತ್ತದೆ, ಜನ ಸತ್ತಿದ್ದಾರೆ. ಇನ್ನು ಹಸಿರು ಹುಲ್ಲು. ಹುಲ್ಲಿನ ಮೇಲೆ ಬಿಸಿಲು ಬಿದ್ದರೆ ಗದ್ದದ ಕೆಳಗೆ ಹಸಿರು ಛಾಯೆ ಬರುತ್ತದೆ. ಆಮೇಲೆ ಎಡಿಟ್‌ನಲ್ಲಿ ಸರಿಮಾಡೋಣ ಅಂತ ಹೋದರೆ ತುಟಿಯ ಬಣ್ಣವೂ ಕೆಡುತ್ತದೆ.

ಹೋಗುವ ಮೊದಲು ಕೂತಲ್ಲೇ ಮಾಡುವ ಕೆಲಸ ಬಹಳ ಇದೆ. ಫೋಟೋಪಿಲ್ಸ್ ಅಥವಾ ಸನ್ ಸರ್ವೇಯರ್ ಥರದ ಆಪ್‌ನಲ್ಲಿ ಶೂಟ್ ದಿನಾಂಕ ಹಾಕಿ ಆ ಜಾಗದಲ್ಲಿ ಸೂರ್ಯ ಎಷ್ಟು ಗಂಟೆಗೆ ಯಾವ ದಿಕ್ಕಿನಲ್ಲಿ ಎಷ್ಟು ಎತ್ತರದಲ್ಲಿ ಇರುತ್ತಾನೆ ಅಂತ ನೋಡಿ. ಬೆಟ್ಟ, ಕಟ್ಟಡ ಅಡ್ಡ ಬರುತ್ತದೆಯಾ ಅನ್ನೋದನ್ನು ಗೂಗಲ್ ಅರ್ತ್‌ನಲ್ಲಿ ನೋಡಿ. ಕೇಪ್‌ಟೌನ್‌ನ ಕ್ಯಾಂಪ್ಸ್ ಬೇ ಕಡಲತೀರಕ್ಕೆ ಪೂರ್ವದಲ್ಲಿ ಬೆಟ್ಟ ಇದೆ. ಹಾಗಾಗಿ ಊರಿನ ಆಚೆ ಬದಿಯಲ್ಲಿ ಬಿಸಿಲು ಬಂದ ಮೇಲೂ ಇಲ್ಲಿ ತುಂಬ ಹೊತ್ತು ನೆರಳು. ಆಪ್‌ನಲ್ಲಿ ಸೂರ್ಯೋದಯದ ಸಮಯ ಮಾತ್ರ ನೋಡಿಕೊಂಡು ಬಂಗಾರದ ಬೆಳಕು ಬರುತ್ತದೆ ಅಂತ ಬೆಳಗ್ಗೆ ಹೋದವರು ಬೆಟ್ಟದ ನೆರಳಲ್ಲಿ ಚಳಿಗೆ ನಡುಗುತ್ತಾ ನಿಲ್ಲುತ್ತಾರೆ. ಸಂಜೆಯ ಬೆಳಕು ಬೇಕಾದವರಿಗೆ ಅದೇ ಜಾಗ ಸ್ವರ್ಗ. ಸ್ಟ್ರೀಟ್ ವ್ಯೂನಲ್ಲಿ ಫೋಟೋ ಯಾವ ತಿಂಗಳದ್ದು ಅಂತ ಬರೆದಿರುತ್ತದೆ, ಅದನ್ನು ನೋಡದೆ ನಂಬಬೇಡಿ. ಎಲೆ ತುಂಬಿದ ಮರದ ಸಾಲು ನಿಮ್ಮ ತಿಂಗಳಲ್ಲಿ ಬರೀ ಕಡ್ಡಿಯಾಗಿರಬಹುದು.

ಬೆಳಕಿನ ಅವಧಿಯೂ ಎಲ್ಲ ಕಡೆ ಒಂದೇ ಅಲ್ಲ. ಭೂಮಧ್ಯರೇಖೆಯ ಹತ್ತಿರ ಸೂರ್ಯ ನೆಟ್ಟಗೆ ಕೆಳಗಿಳಿಯುತ್ತಾನೆ. ಒಂದು ಡ್ರೆಸ್ ಬದಲಿಸಿ ಬರುವಷ್ಟರಲ್ಲಿ ಕತ್ತಲು. ಜೂನ್‌ನಲ್ಲಿ ಐಸ್‌ಲ್ಯಾಂಡಿಗೆ ಹೋದರೆ ಸೂರ್ಯ ಓರೆಯಾಗಿ ಜಾರುತ್ತಾ ನಡುರಾತ್ರಿಯ ಹೊತ್ತಿಗೆ ಮುಳುಗುತ್ತಾನೆ, ಮೆತ್ತಗಿನ ಬೆಳಕು ಗಂಟೆಗಟ್ಟಲೆ ಸಿಗುತ್ತದೆ. ಅದೇ ಡಿಸೆಂಬರ್‌ನಲ್ಲಿ ಹೋದರೆ ದಿನಕ್ಕೆ ಸುಮಾರು 4 ಗಂಟೆ ಮಾತ್ರ ಹಗಲು. ಬೊಲಿವಿಯಾದ ಉಯುನಿ ಉಪ್ಪಿನ ಬಯಲು ಕನ್ನಡಿಯಾಗುವುದು ಮಳೆ ನೀರು ನಿಂತಾಗ ಮಾತ್ರ, ಸಾಮಾನ್ಯವಾಗಿ ಜನವರಿಯಿಂದ ಮಾರ್ಚ್. ಅದರ ಎತ್ತರ 3,650 ಮೀಟರ್‌ಗೂ ಜಾಸ್ತಿ, ಹೋದ ದಿನವೇ ಶೂಟ್ ಇಟ್ಟುಕೊಂಡರೆ ಮಾಡೆಲ್‌ಗೆ ತಲೆನೋವು, ಮುಖ ಊದಿರುತ್ತದೆ, ಮುಗಿಯಿತು ಕಥೆ.

ಅನುಮತಿ ವಿಷಯ. ಇದರಲ್ಲಿ ಸುಮ್ನೆ ಧೈರ್ಯ ಮಾಡಬೇಡಿ. ಪ್ರವಾಸಿಗರು ಫೋನ್‌ನಲ್ಲಿ ತೆಗೆಯುತ್ತಿದ್ದಾರೆ ಅಂದರೆ ನೀವೂ ತೆಗೆಯಬಹುದು ಅಂತ ಅರ್ಥವಲ್ಲ. ಲಂಡನ್‌ನ ಟ್ರಫಾಲ್ಗರ್ ಸ್ಕ್ವೇರ್‌ನಲ್ಲಿ ವಾಣಿಜ್ಯ ಫೋಟೋಗೆ ಮೊದಲೇ ಅನುಮತಿ ಬೇಕು, ಅಲ್ಲಿನ ರಾಯಲ್ ಪಾರ್ಕ್‌ಗಳಲ್ಲೂ ಬೇಕು. ಐಫೆಲ್ ಟವರ್ ಹಗಲಲ್ಲಿ ಪರವಾಗಿಲ್ಲ, ಆದರೆ ರಾತ್ರಿಯ ದೀಪಾಲಂಕಾರಕ್ಕೆ ಹಕ್ಕುಸ್ವಾಮ್ಯ ಇದೆ, ಆ ಫೋಟೋವನ್ನು ಬ್ರ್ಯಾಂಡ್‌ಗೆ ಮಾರುವ ಹಾಗಿದ್ದರೆ ಟವರ್ ನಡೆಸುವವರನ್ನು ಕೇಳಬೇಕು. ರೋಮ್‌ನ ಸ್ಪ್ಯಾನಿಷ್ ಸ್ಟೆಪ್ಸ್ ಅನ್ನೋ ಮೆಟ್ಟಿಲ ಸಾಲಿನ ಮೇಲೆ ಕೂರುವುದನ್ನೇ 2019ರಲ್ಲಿ ನಿಷೇಧಿಸಿದ್ದಾರೆ, ಕೂತರೆ ದಂಡ. ನೀವು ಸೇವ್ ಮಾಡಿದ್ದರಲ್ಲಿ ಆ ಮೆಟ್ಟಿಲ ಮೇಲೆ ಗೌನ್ ಹರಡಿಕೊಂಡು ಕೂತ ಫೋಟೋ ಖಂಡಿತ ಇರುತ್ತದೆ, ಅದು ಹಳೆಯದು. ಜಪಾನಿನ ಕ್ಯೋಟೋ ನಗರದ ಹಳೆಯ ಬಡಾವಣೆ ಗಿಯೋನ್‌ನಲ್ಲಿ ಖಾಸಗಿ ಗಲ್ಲಿಗಳಿಗೆ ಪ್ರವಾಸಿಗರು ಬರಬಾರದು ಅಂತ 2024ರಲ್ಲಿ ಬೋರ್ಡ್ ಹಾಕಿದ್ದಾರೆ, ದಂಡ 10,000 ಯೆನ್. ಅಲ್ಲಿಯವರಿಗೆ ಬೇಸರವಾಗಿದ್ದರಲ್ಲಿ ತಪ್ಪೇನಿದೆ? ಮನೆ ಬಾಗಿಲು ತೆಗೆದರೆ ದಿನಾ ಯಾರೋ ಒಬ್ಬರು ಪೋಸ್ ಕೊಡುತ್ತಾ ನಿಂತಿದ್ದರೆ ನಮಗೆ ಹೇಗನ್ನಿಸುತ್ತಿತ್ತು?

ಅನುಮತಿ ಕೇಳಿ ಮೇಲ್ ಬರೆಯುವಾಗ ಎಷ್ಟು ಜನ, ಟ್ರೈಪಾಡ್ ಇದೆಯಾ, ಲೈಟ್ ಇದೆಯಾ, ಎಷ್ಟು ಗಂಟೆ, ಫೋಟೋ ಎಲ್ಲಿಗೆ ಹೋಗುತ್ತದೆ, ಇಷ್ಟನ್ನು ಮೊದಲ ನಾಲ್ಕು ಸಾಲಿನಲ್ಲೇ ಹೇಳಿ. ದುಡ್ಡು ತೆಗೆದುಕೊಂಡು ಮಾಡುವ ಶೂಟ್ ಆದರೆ ಟೂರಿಸ್ಟ್ ವೀಸಾ ಸಾಲದೇ ಹೋಗಬಹುದು, ರಾಯಭಾರ ಕಚೇರಿಯಲ್ಲಿ ಕೇಳಿ. ಸಾಮಾನು ಜಾಸ್ತಿ ಇದ್ದರೆ ಎಟಿಎ ಕಾರ್ನೆಟ್ ಮಾಡಿಸಿ. ವೃತ್ತಿ ಸಲಕರಣೆಯನ್ನು ತಾತ್ಕಾಲಿಕವಾಗಿ ತೆಗೆದುಕೊಂಡು ಹೋಗಿ ಸುಂಕ ಇಲ್ಲದೆ ವಾಪಸ್ ತರುವ ಕಾಗದ ಅದು, ಗರಿಷ್ಠ 1 ವರ್ಷ ನಡೆಯುತ್ತದೆ. ಹೊರಡುವಾಗಲೇ ಕಸ್ಟಮ್ಸ್‌ನಲ್ಲಿ ಮೊದಲ ಮುದ್ರೆ ಹಾಕಿಸಬೇಕು. ನಾನು ಒಮ್ಮೆ ಚೆಕ್-ಇನ್ ಸಾಲಿನ ಗಡಿಬಿಡಿಯಲ್ಲಿ ಅದನ್ನು ಮರೆತು, ಇಳಿದ ಕಡೆ ಒಂದೊಂದೇ ಲೆನ್ಸ್ ತೆಗೆದು ಸೀರಿಯಲ್ ನಂಬರ್ ಓದಿ ಹೇಳುತ್ತಾ ಎರಡು ಗಂಟೆ ಕಳೆದೆ. ಲಿಥಿಯಂ ಬ್ಯಾಟರಿಗಳು ಕೈಚೀಲದಲ್ಲೇ ಇರಲಿ, 100 ವಾಟ್-ಅವರ್ ದಾಟಿದ ಫ್ಲ್ಯಾಶ್ ಬ್ಯಾಟರಿ ಇದ್ದರೆ ಏರ್‌ಲೈನ್‌ನವರನ್ನು ಮೊದಲೇ ಕೇಳಬೇಕು. ಡ್ರೋನ್ ಆಸೆ ಇದ್ದರೆ ಆ ದೇಶದ ನಿಯಮ ಓದಿ. ಮೊರಾಕೊಗೆ ಒಯ್ದರೆ ವಿಮಾನ ನಿಲ್ದಾಣದಲ್ಲೇ ಕಿತ್ತುಕೊಳ್ಳುತ್ತಾರೆ.

ನಿಮ್ಮ 5 ದಿನದಲ್ಲಿ ಮೊದಲ ದಿನ ಪೂರ್ತಿ ಜಾಗ ನೋಡುವುದಕ್ಕೇ ಇಡಿ. ದಿನ ಹಾಳಾಯಿತು ಅಂತ ಹೊಟ್ಟೆ ಉರಿಯುತ್ತದೆ, ಗೊತ್ತು. ಆದರೂ ಇಡಿ. ಶೂಟ್ ಮಾಡುವ ಹೊತ್ತಿಗೇ ಆ ಜಾಗದಲ್ಲಿ ಹೋಗಿ ನಿಲ್ಲಿ, ಬೆಳಗ್ಗೆ 7ಕ್ಕೆ ಖಾಲಿ ಇದ್ದ ಚೌಕ 10ಕ್ಕೆ ಸಂತೆಯಾಗಿರುತ್ತದೆ. ಫೋನ್‌ನಲ್ಲಿ ಗೋಡೆಯನ್ನು ಮಾತ್ರ ತೆಗೆದುಕೊಂಡು ಬರಬೇಡಿ. ಮೇಕಪ್ ಮಾಡುವವರನ್ನು ನಿಲ್ಲಿಸಿ ತೆಗೆಯಿರಿ, ಆಮೇಲೆ ಅವರು ನಿಂತಲ್ಲಿಂದ ನಿಮ್ಮ ಕಡೆಗೂ ಒಂದು ತೆಗೆಯಲು ಹೇಳಿ. ಬೆಳಕು ಬರುವ ದಿಕ್ಕಿನಲ್ಲಿ ಏನಿದೆ ಅಂತ ಆ ಎರಡನೇ ಫೋಟೋದಲ್ಲಿ ಸಿಗುತ್ತದೆ. ಬಟ್ಟೆ ಬದಲಿಸಲು ಜಾಗ ಎಲ್ಲಿದೆ, ಶೌಚಾಲಯ ಎಷ್ಟು ದೂರ, ಹೀಲ್ಸ್ ಹಾಕಿ ಆ ಕಲ್ಲು ಹಾಸಿನ ಮೇಲೆ ನಡೆಯಲು ಆಗುತ್ತದೆಯಾ, ಇದನ್ನೆಲ್ಲ ಮಾಡೆಲ್ ಕೇಳುವ ಮೊದಲೇ ನೋಡಿಟ್ಟುಕೊಳ್ಳಿ. ಎಲ್ಲಕ್ಕೂ ದೂರದ ಜಾಗ ಒಂದೇ ಇರಲಿ. ಉಳಿದ ನಾಲ್ಕು ಒಂದರಿಂದ ಇನ್ನೊಂದಕ್ಕೆ ನಡೆದು ಹೋಗುವಷ್ಟು ಹತ್ತಿರ ಇರಲಿ, ಅದರಲ್ಲಿ ಒಂದಕ್ಕೆ ಮಳೆ ಬಂದರೆ ನಿಲ್ಲಲು ಸೂರು ಇರಲಿ. ದೊಡ್ಡ ಕಮಾನಿನ ಕೆಳಗೆ, ಮಳೆ ಬರುವಾಗ, ಹೊರಗಿನ ಬೆಳಕಿಗೆ ಮುಖ ಮಾಡಿ ನಿಲ್ಲಿಸಿದರೆ ಬೆಳಕನ್ನು ಮೆತ್ತಗೆ ಮಾಡುವ ಸ್ಟುಡಿಯೋ ಸಾಫ್ಟ್‌ಬಾಕ್ಸ್ ಬೇಡ.

ಯಾವ ತಿಂಗಳು ಹೋಗುತ್ತೀರಿ, ಯಾವ ದೇಶ ಅಂತ ನೀವು ಬರೆದಿಲ್ಲ. ಬಟ್ಟೆ ಉದ್ದದ್ದಾ, ಗಾಳಿಗೆ ಹಾರುವಂಥದ್ದಾ ಅನ್ನೋದನ್ನೂ ಹೇಳಿ. ಉಳಿಸಿಕೊಂಡ ಐದು ಜಾಗದ ಮ್ಯಾಪ್ ಪಿನ್ ಹಾಕಿದರೆ ಎಷ್ಟು ಗಂಟೆಗೆ ಯಾವುದಕ್ಕೆ ಹೋಗಬೇಕು ಅಂತ ಕೂತು ನೋಡಿ ಹೇಳುತ್ತೇನೆ.